ಎಲ್ಲೆಲ್ಲಿ ನಿಲ್ಸುದ್ರು?

ಹೌದು, ಸುತ್ತಿದ್ದೇನೆ. ಓದಲಿಕ್ಕೆಂದು ಜರ್ಮನಿಗೆ ಹೋದವಳು ಎರಡು ವರ್ಷದಲ್ಲಿ ರೂಮಿನೊಳಗೆ ಕಳೆದ ಶನಿವಾರ ಭಾನುವಾರಗಳನ್ನು ಬೆರಳಲ್ಲಿ ಎಣಿಸಬಹುದು. ಪರೀಕ್ಷೆಯಿದ್ದಾಗ ಒಳಗಿದ್ದೆ, ಜ್ವರ ಬಂದಾಗ ಒಳಗಿದ್ದೆ. ಮಿಕ್ಕಂತೆ ಬೆಳಗ್ಗೆ ಎದ್ದು, ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ರೈಲ್ವೆ ಸ್ಟೇಷನ್ನಿಗೆ ನಡೆದುಬಿಡುತ್ತಿದ್ದೆ. ಒಬ್ಬಳೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಕಡೆ ಇದನ್ನು ನನ್ನ ಬಾಯಲ್ಲಿ ತಪ್ಪೊಪ್ಪಿಗೆಯ ಹಾಗೆ ಹೇಳಿಸಬೇಕೆಂದು ಬಹಳ ಜನ ಒದ್ದಾಡಿದರು. ನಾನು ಹಾಗೆ ಹೇಳುವವಳಲ್ಲ.

ಅಪ್ಪ ಬಸ್ ಕಂಡಕ್ಟರು. ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯ, ಮಂಡ್ಯದಿಂದ ಮತ್ತೆ ಮಳವಳ್ಳಿ. ನನಗೆ ಬುದ್ಧಿ ಬಂದಾಗಿನಿಂದ ಅದೇ ರೂಟು. ನಮ್ಮ ಬಾಡಿಗೆ ಮನೆ ಮದ್ದೂರಿನಲ್ಲಿ, ಹಾಗಾಗಿ ದಿನಕ್ಕೆ ನಾಲ್ಕು ಸಲ ಮನೆಯ ಹತ್ತಿರವೇ ಹಾದುಹೋಗುತ್ತಿದ್ದ, ಇಳಿಯುವ ಹಾಗಿರಲಿಲ್ಲ. ಕೆಲಸವೇ ಓಡಾಟವಾದರೂ ಅವನು ನಿಜವಾಗಿ ಕಂಡ ಊರುಗಳು ಕಡಿಮೆ. ತಿರುಪತಿಗೆ ಒಂದು ಸಲ, ಧರ್ಮಸ್ಥಳಕ್ಕೆ ಎರಡು ಸಲ. ಅಷ್ಟೇ.

ಭಾನುವಾರ ನಾನು ಫೋನು ಮಾಡಿದರೆ ಅವ್ವನ ಸರದಿಯಲ್ಲಿ ಊಟ, ಚಳಿ, ತಲೆಗೆ ಎಣ್ಣೆ ಹಚ್ಚಿಕೊಂಡೆಯಾ ಇಲ್ಲವಾ ಎಂಬ ವಿಚಾರಣೆ. ಅಪ್ಪನ ಸರದಿಯಲ್ಲಿ ಒಂದೇ ಪ್ರಶ್ನೆ.

"ಈ ವಾರ ಎಲ್ಲಿಗ್ ಓಗಿದ್ದೆ ಮಗಾ? ಎಲ್ಲೆಲ್ಲಿ ನಿಲ್ಸುದ್ರು?"

ಊರು ಚೆನ್ನಾಗಿತ್ತಾ, ಏನು ನೋಡಿದೆ, ಅದೆಲ್ಲ ಅವನಿಗೆ ಬೇಡ. ಸ್ಟಾಪುಗಳು ಬೇಕು, ಅದೂ ಕ್ರಮವಾಗಿ. ನಾನು ಒಂದೊಂದೇ ಹೇಳಬೇಕು, ಅವನು ಅಲ್ಲಿಂದ ಒಂದೊಂದೇ ತಿರುಗಿ ಹೇಳುತ್ತಿದ್ದ. ನಡುವೆ ಒಂದು ಹಾರಿಸಿದರೆ ಸಿಕ್ಕಿಬೀಳುತ್ತಿದ್ದೆ. "ಇಪ್ಪತ್ ನಿಮಿಸ ಅಂತೀಯ, ಮಧ್ಯ ಒಂದೂ ಊರಿಲ್ವಾ? ನಿದ್ದೆ ಮಾಡ್ತಿದ್ದೆ ಅನ್ನು." ಅವನ ಭಯಕ್ಕೇ ನಾನು ರೈಲಿನಲ್ಲಿ ನಿದ್ದೆ ಬಿಟ್ಟೆ.

ವಿದ್ಯಾರ್ಥಿಗಳಿಗೆ ಅಲ್ಲಿ ಪಾಸು ಕೊಡುತ್ತಾರೆ, ಅದನ್ನು ತೋರಿಸಿ ಆ ಸೀಮೆಯ ಯಾವ ಪ್ಯಾಸೆಂಜರ್ ರೈಲನ್ನಾದರೂ ಹತ್ತಬಹುದು ಎಂದು ಮೊದಲ ತಿಂಗಳಲ್ಲೇ ಅಪ್ಪನಿಗೆ ಹೇಳಿದ್ದೆ. ಅವನು, "ಪಾಸ್ ಮಡಿಕ್ಕಂಡು ರೂಮಲ್ ಕುಂತಿದ್ದೀಯಲ್ಲ, ನಿಂಗ್ ಏನ್ ಬಂದದೆ? ಓಗು" ಅಂದ. ನನ್ನ ಸುತ್ತಾಟ ಶುರುವಾದದ್ದು ಹಾಗೆ. ಇದು ನನಗೂ ಅಪ್ಪನಿಗೂ ಗೊತ್ತು. ಅವ್ವ ಮಾತ್ರ ಕೇಳಿದವರಿಗೆಲ್ಲ, "ರಜದಲ್ಲೂ ಪುಸ್ತಕ ಬುಟ್ಟು ತಲೆ ಎತ್ತಾಕಿಲ್ಲ ಕಣಮ್ಮ" ಎಂದು ಹೇಳಿಕೊಂಡು ಬಂದಿದ್ದಳು.

ಅಲ್ಲಿ ಹೋಗಿ ಏನು ಮಾಡಿದೆ ಎಂದು ಕೇಳುವವರಿಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಕೆರೆಯ ಏರಿಯ ಮೇಲೆ ಕೂತೆ. ಕಾಡಿನ ದಾರಿಯಲ್ಲಿ ಅಣಬೆ ಕೀಳುವ ಮುದುಕಿಯ ಹಿಂದೆ ಅರ್ಧ ಗಂಟೆ ನಡೆದೆ; ಅವಳು ಒಂದೊಂದೇ ಅಣಬೆ ಎತ್ತಿ ತೋರಿಸಿ, ಇದನ್ನು ತಿಂದರೆ ಸಾಯುತ್ತೀಯ, ಇದನ್ನು ತಿಂದರೆ ಬದುಕುತ್ತೀಯ ಎಂದು ಕೈಸನ್ನೆ ಮಾಡಿದಳು. ಭಾನುವಾರ ಒಂದು ಅಂಗಡಿಯೂ ತೆರೆಯದ ಊರಿನಲ್ಲಿ ಚರ್ಚಿನ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿಂದೆ. ನಾನು ಓದಲು ಹೋದದ್ದು ನೀರಿನ ವಿಜ್ಞಾನ. ರೈನ್ ನದಿಯ ದಡದಲ್ಲಿ ನಿಂತು ಈ ಸೊಕ್ಕಿನ ಹೊಳೆಯನ್ನು ನಮ್ಮ ನಾಲೆಗೆ ತಿರುಗಿಸಿದರೆ ಕೊನೆಯ ಗದ್ದೆಗೂ ನೀರು ಸಿಗುತ್ತಿತ್ತಲ್ಲ ಎಂದು ಹೊಟ್ಟೆ ಉರಿದುಕೊಂಡೆ. ಮಳೆಯಲ್ಲಿ ನೆನೆದೆ. ದಾರಿ ತಪ್ಪಿದೆ, ಮತ್ತೆ ಸಿಕ್ಕಿತು. ಇಷ್ಟೇ. ಇದೇ ಕೆಲಸವನ್ನು ಗಂಡು ಹುಡುಗ ಮಾಡಿದರೆ ಲೋಕಾನುಭವ ಅನ್ನುತ್ತಾರೆ.

ಗುಟ್ಟು ರಟ್ಟಾದದ್ದು ನನ್ನ ಮದ್ದೂರು ಬುದ್ಧಿಯಿಂದ.

ನಮ್ಮ ಬಸ್ಸುಗಳಲ್ಲಿ ಸೀಟಿನ ಮೇಲೆ ಕರ್ಚೀಫು ಬಿದ್ದಿದೆ ಅಂದರೆ ಆ ಸೀಟಿಗೆ ಯಜಮಾನರಿದ್ದಾರೆ ಎಂದರ್ಥ. ಕಿಟಕಿಯಿಂದ ಎಸೆದದ್ದಾದರೂ ಸರಿ, ಅದು ಕಾನೂನು. ಇನ್ನು ಮದ್ದೂರು ಸ್ಟೇಷನ್ನಿನಲ್ಲಿ ರೈಲು ನಿಂತರೆ ಇಳಿದು, ವಡೆ ಕಟ್ಟಿಸಿಕೊಂಡು, ರೈಲು ಅಲುಗಾಡಿದ ಮೇಲೆ ನಾಲ್ಕು ಹೆಜ್ಜೆ ಓಡಿ ಹತ್ತುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನಾನಿದ್ದ ಊರು ಫ್ರೈಬುರ್ಗ್. ಅಲ್ಲಿಂದ ಬೆಟ್ಟ ಹತ್ತುವ ರೈಲು ಆ ಶನಿವಾರ ಟಿಟಿಸೀ ಎಂಬ ಊರಿನಲ್ಲಿ ನಿಂತಿತು. ಪ್ಲಾಟ್‌ಫಾರಮ್ಮಿನ ಅಂಗಡಿಯಿಂದ ಬಿಸಿ ಬ್ರೆಡ್ಡಿನ ವಾಸನೆ ಬಂತು. ಬ್ಯಾಗನ್ನು ಸೀಟಿನ ಮೇಲಿಟ್ಟೆ, ಬ್ಯಾಗಿನ ಮೇಲೆ ಕರ್ಚೀಫು ಹಾಸಿದೆ, ಇಳಿದು ಬ್ರೆಡ್ಡು ಕೊಂಡೆ. ಹಿಂದೆ ಕುಂಯ್ ಅಂತ ಒಂದು ಸದ್ದು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ನಾಲ್ಕಲ್ಲ, ನಲವತ್ತು ಹೆಜ್ಜೆ ಓಡಿದೆ. ಗಾಜನ್ನು ಬಡಿದೆ. ರೈಲು ಹೊರಟೇ ಹೋಯಿತು. ಬ್ಯಾಗಿನಲ್ಲಿ ಪಾಸ್‌ಪೋರ್ಟು, ಲ್ಯಾಪ್‌ಟಾಪು, ರೂಮಿನ ಬೀಗದ ಕೈ. ನನ್ನ ಕೈಯಲ್ಲಿ ಫೋನು ಮತ್ತು ಬ್ರೆಡ್ಡು.

ಅಪ್ಪನಿಗೆ ಫೋನು ಮಾಡಿ ಅತ್ತೆ. ನಮ್ಮಲ್ಲಿ ಆಗ ಸಂಜೆ. ಅವನ ಬಸ್ಸು ಮಂಡ್ಯಕ್ಕೆ ಹೊರಟು ಕೆ.ಎಂ. ದೊಡ್ಡಿ ಬಿಟ್ಟಿತ್ತು. ಅವನ ಹಳೆಯ ಫೋನಿನಲ್ಲಿ ಕಿವಿಗಿಟ್ಟುಕೊಂಡರೆ ಏನೂ ಕೇಳಿಸುವುದಿಲ್ಲ, ಸ್ಪೀಕರ್ ಹಾಕಲೇಬೇಕು. ಹಾಗಾಗಿ ನನ್ನ ಅಳು ತುಂಬಿದ ಬಸ್ಸಿಗೆಲ್ಲ ಕೇಳಿಸಿತು.

"ಅಳ್ಬ್ಯಾಡ. ಬುಟ್ಟೋದ ಗಾಡಿ ಹಿಂದೆ ಓಡ್ಬ್ಯಾಡ" ಅಂದ ಅಪ್ಪ. "ಆ ಗಾಡಿಗೆ ಕೊನೇ ಸ್ಟಾಪು ಸೀಬ್ರುಗ್ ಅಲ್ವಾ? ಆಹಾ ಆದ್ಮೇಲೆ ಬರೋದು?"

ಆ ಸಾಲಿನಲ್ಲಿ 'ಆಹಾ' ಎಂಬ ಹೆಸರಿನ ಊರೊಂದು ನಿಜವಾಗಿಯೂ ಇದೆ. ಅದನ್ನು ಹೇಳಿದ ದಿನ ಅಪ್ಪ ನಕ್ಕು ನಕ್ಕು ಕೆಮ್ಮಿದ್ದ. ಈಗ ನಗಲಿಲ್ಲ.

"ಅಲ್ಲಿಂದ ಮುಂದ್ಕೆ ಲೈನಿಲ್ಲ ಅಂದಿದ್ದೆ. ಅಂದ್ಮೇಲೆ ಅದೇ ಗಾಡಿ ಅದೇ ದಾರೀಲಿ ವಾಪಸ್ ಬರ್ಲೇಬೇಕು. ನೀನಿದ್ದುದ್ದು ಮುಂದ್ಲಿಂದ ಎಷ್ಟ್ನೇ ಬಾಗ್ಲು? ಎರಡನೇದಾ? ವಾಪಸ್ ಬರೋವಾಗ ಹಿಂದ್ಲಿಂದ ಎರಡನೇದಾಯ್ತದೆ. ಆ ಕಡೆ ಪ್ಲಾಟ್‌ಫಾರಂಗೆ ಓಗಿ ಅಲ್ಲೇ ನಿಂತ್ಕೊ. ಬ್ರೆಡ್ ತಿನ್ನು."

ನಾನು ನಿಂತೆ. ತಿಂದೆ. ಸುಮಾರು ಒಂದು ಗಂಟೆಗೆ ಅದೇ ರೈಲು ಬಂತು. ಹಿಂದಿನಿಂದ ಎರಡನೇ ಬಾಗಿಲು ನನ್ನ ಎದುರಿಗೇ ತೆರೆಯಿತು. ಬ್ಯಾಗು ಅಲ್ಲೇ ಇತ್ತು, ಮೇಲೆ ನನ್ನ ಕರ್ಚೀಫು ಮಡಿಕೆಯೂ ಕೆಡದೆ ಬಿದ್ದಿತ್ತು. ಅಪ್ಪನಿಗೆ ತಿಳಿಸಿದಾಗ ಬಸ್ಸು ಹನಕೆರೆ ದಾಟುತ್ತಿತ್ತು. ಬಸ್ಸಿನಲ್ಲಿದ್ದವರು ಚಪ್ಪಾಳೆ ತಟ್ಟಿದ್ದು ನನಗೂ ಕೇಳಿಸಿತು. ಮದ್ದೂರಿನಲ್ಲಿ ಇಳಿದ ಅಜ್ಜಿಯೊಬ್ಬಳು, ಮಗೀನ ಬ್ಯಾಗು ಸಿಕ್ತಾ ನಾಳೆ ಏಳಪ್ಪ ಎಂದು ಹೇಳಿ ಇಳಿದಳಂತೆ.

ಚಪ್ಪಾಳೆ ತಟ್ಟಿದವರಲ್ಲಿ ಕೆರಗೋಡಿನ ನಮ್ಮ ಪೈಕಿಯವರೊಬ್ಬರಿದ್ದರು. ಭಾನುವಾರ ಬೆಳಗ್ಗೆ ಕಾಫಿಯ ಹೊತ್ತಿಗೆ ಸುದ್ದಿ ನಮ್ಮ ದೊಡ್ಡಪ್ಪನ ಜಗಲಿ ಮುಟ್ಟಿತು: ಓದಕ್ಕೆ ಕಳಿಸಿದ ಹುಡುಗಿ ಅಲ್ಲಿ ಒಬ್ಬಳೇ ಊರೂರು ಸುತ್ತುತ್ತಿದ್ದಾಳೆ.

ದೊಡ್ಡಪ್ಪ ಅಂದರೆ ಕೆರಗೋಡಿನಲ್ಲಿರುವ ಅಪ್ಪನ ಅಣ್ಣ. ತಾತ ಬೇಗ ತೀರಿಕೊಂಡ ಮೇಲೆ ಅಪ್ಪನನ್ನು ಓದಿಸಿ ಕೆಲಸಕ್ಕೆ ಹಚ್ಚಿದವರು ಅವರೇ. ಅದನ್ನು ಅಪ್ಪ ಒಂದು ದಿನವೂ ಮರೆತವನಲ್ಲ; ದೊಡ್ಡಪ್ಪ ಮರೆಯಲು ಬಿಟ್ಟವರೂ ಅಲ್ಲ. ಅವರ ಮುಂದೆ ಅಪ್ಪ ಕೂತದ್ದನ್ನಾಗಲಿ, ಎದುರು ಮಾತಾಡಿದ್ದನ್ನಾಗಲಿ ನಾನು ಕಂಡಿರಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಊರಿನಲ್ಲಿ ಒಬ್ಬಳೂ ಮನೆಯಲ್ಲಿ ನಿಲ್ಲುವುದಿಲ್ಲ ಎಂಬುದು ದೊಡ್ಡಪ್ಪನ ದೊಡ್ಡ ಅಳಲು. ಈಗ ಅವರಿಗೆ ನಾನು ಸಿಕ್ಕಿದೆ.

ನನ್ನನ್ನು ಬೈದಿದ್ದರೆ ಬೈಸಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಅವರು ಹಿಡಿದದ್ದು ತಂಗಿಯ ಜುಟ್ಟು. ಅವಳಿಗೆ ಪುಣೆಯಲ್ಲಿ ಹವಾಮಾನದ ವಿಷಯ ಓದಲು ಪ್ರವೇಶ ಸಿಕ್ಕಿತ್ತು. ಶುಕ್ರವಾರದೊಳಗೆ ಹೋಗಿ ಸೇರಬೇಕು, ಇಲ್ಲದಿದ್ದರೆ ಇನ್ನೊಬ್ಬರಿಗೆ ಕೊಡುತ್ತಾರೆ. ಅಣ್ಣನನ್ನು ಒಂದು ಮಾತು ಕೇಳದೆ ಅಪ್ಪ ಹೂಂ ಅನ್ನುವವನಲ್ಲ. ದೊಡ್ಡಪ್ಪ, ದೊಡ್ಡೋಳು ಬರಲಿ, ಆಮೇಲೆ ನೋಡೋಣ ಎಂದು ತಡೆದಿದ್ದರು. ನಾನು ರಜಕ್ಕೆ ಬಂದ ಭಾನುವಾರವೇ ನಾಲ್ವರೂ ಕೆರಗೋಡಿಗೆ ಹೋದೆವು.

ಬಸ್ಸಿನಲ್ಲಿ ಅವ್ವ ನನ್ನ ಕೈ ಹಿಡಿದು ಪಾಠ ಹೇಳಿಕೊಟ್ಟಳು. "ಕಾಲೇಜ್ನೋರೇ ಕರ್ಕೊಂಡ್ ಓಗಿದ್ರು, ಒಂದೇ ಸಲ, ಅನ್ಬುಡು. ನಿಂಗೇನ್ ಓಗೋದು? ಚಿಕ್ಕೋಳ್ ಬಾಳು ನೋಡು."

ತಂಗಿ ಕಿಟಕಿಯಾಚೆ ನೋಡುತ್ತಿದ್ದಳು.

ದೊಡ್ಡಪ್ಪ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಅಪ್ಪ ಕಂಬ ಹಿಡಿದು ನಿಂತ. ನೀರು, ಮಜ್ಜಿಗೆ ಆದ ಮೇಲೆ ದೊಡ್ಡಪ್ಪ ನನ್ನ ಕಡೆ ತಿರುಗಿದರು.

"ಏನವ್ವ, ಅಲ್ಲಿ ಓದೋದೇನಾರ ಉಂಟೋ, ಇಲ್ಲಾ ಬರೀ ಸುತ್ತೋದೋ?"

ಅವ್ವನ ಕಣ್ಣು ನನ್ನ ಮೇಲೆ. ಒಂದು ಸಣ್ಣ ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು, ನನಗೂ ಗೊತ್ತಿತ್ತು. ಆದರೆ ಆ ಸುಳ್ಳಿನ ಮೇಲೆ ತಂಗಿ ಪುಣೆಗೆ ಹೋದರೆ ಅಲ್ಲಿ ಅವಳು ಹೊಸ್ತಿಲು ದಾಟಿದಾಗಲೆಲ್ಲ ಇನ್ನೊಂದು ಸುಳ್ಳು ಹುಟ್ಟಿಸಬೇಕು. ನನ್ನ ಎರಡನೇ ಬಾಗಿಲು, ನನ್ನ ಅಣಬೆಯ ಮುದುಕಿ, ನನ್ನ ಚಿತ್ರಾನ್ನ, ಎಲ್ಲವೂ ಬಚ್ಚಿಡಬೇಕಾದ ಕಳ್ಳಮಾಲೇನು?

"ಓದೋದೂ ಉಂಟು, ಸುತ್ತೋದೂ ಉಂಟು ದೊಡ್ಡಪ್ಪ. ವಾರವಾರಾನೂ ಓಯ್ತೀನಿ. ಒಬ್ಳೇ."

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ದೊಡ್ಡಪ್ಪ ಅಪ್ಪನತ್ತ ನೋಡಿದರು. "ಕೇಳ್ದೇನ್ಲಾ? ಇರೀಕ್ರು ಸುಮ್ಕೆ ಏಳವ್ರಾ, ಹೆಣ್ಣು ತಿರುಗಿ ಕೆಟ್ಲು, ಗಂಡು ಕೂತು ಕೆಟ್ಟ ಅಂತ?" ಗಾದೆಯ ಎರಡನೇ ಅರ್ಧವನ್ನೂ ಅವರು ಕುರ್ಚಿಯಿಂದ ಅಲುಗಾಡದೆಯೇ ಹೇಳಿದರು. "ಒಂದು ಕೈ ತಪ್ತು. ಇನ್ನೊಂದೂ ತಪ್ಪೋದ್ ಬ್ಯಾಡ. ಚಿಕ್ಕೋಳು ಎಲ್ಲೂ ಓಗಾಕಿಲ್ಲ. ಮಂಡ್ಯದಲ್ಲೇ ಏನಾರ ಓದ್ಲಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ನನ್ನ ಒಣ ಹಟಕ್ಕೆ ಅವಳ ಓದನ್ನು ಬಲಿ ಕೊಟ್ಟಿದ್ದೆ.

"ನಂಗೆ ಗೊತ್ತಿತ್ತು ಅಣ್ಣಯ್ಯ" ಅಂದ ಅಪ್ಪ.

"ಏನ್ಲಾ ಗೊತ್ತಿತ್ತು?"

ಅಪ್ಪ ಕಂಬ ಬಿಡಲಿಲ್ಲ. ಓಡುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವ ಹಾಗೆಯೇ ನಿಂತು, ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಕೂಗುವ ಅದೇ ಗಂಟಲಲ್ಲಿ ಶುರುಮಾಡಿದ. "ಪ್ರೈಬುರ್ಗು, ಈರೆ, ಲಿಟ್ಟನ್‌ವೈಲ್ರು, ಕಿರ್ಚಾಟ್ನು, ಇಮ್ಮಲ್ ರೈಕು, ಇಂಟ್ರಾಟ್ನು, ಟಿಟಿಸೀ..." ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಒಳಗಿಂದ ದೊಡ್ಡಮ್ಮ ಇಣುಕಿದಳು. ಅಪ್ಪ ನಿಲ್ಲಿಸಲಿಲ್ಲ. ಬೆಟ್ಟದ ಮೇಲಿನ ಊರುಗಳೆಲ್ಲ ಆದವು, ಆಹಾ ಬಂತು, ಸೀಬ್ರುಗ್ ಬಂತು. "ಇದು ಒಂದ್ ರೂಟು. ಇಂಥವು ಇಪ್ಪತ್ತವೆ. ಎಲ್ಲಾನೂ ಏಳ್ಲಾ?"

ದೊಡ್ಡಪ್ಪ ಬೀದಿಯಲ್ಲಿ ನಿಂತವರತ್ತ ನೋಡಿದರು.

"ಅವ್ಳು ನನ್ ಕಣ್ತಪ್ಸಿ ಓಗಿಲ್ಲ. ನಾನೇ ಓಗು ಅಂದಿದ್ದು. ಇಪ್ಪತ್ತಾರ್ ವರ್ಸ ನಾನು ನಿಂತ್ಕಂಡೇ ಓಡಾಡ್ದೆ ಅಣ್ಣಯ್ಯ, ಮಳವಳ್ಳಿ ಮಂಡ್ಯ, ಮಂಡ್ಯ ಮಳವಳ್ಳಿ. ನನ್ ಮಗಳು ಕಿಟಕಿ ಪಕ್ಕ ಕುಂತ್ಕಂಡು ಊರೂರು ನೋಡುದ್ಲು. ಅದ್ರಲ್ ತೆಪ್ಪೇನದೆ?" ಅವನು ತಂಗಿಯತ್ತ ಕೈ ತೋರಿಸಿದ. "ಚಿಕ್ಕೋಳು ಸುಕ್ರವಾರದೊಳ್ಗೆ ಪುಣೆ ಸೇರ್ತಾಳೆ. ನಿನ್ನ ಕೇಳಾಕೆ ಅಂತ ಬಂದೆ. ಈಗ ತಿಳ್ಸಾಕ್ ಬಂದೆ ಅನ್ಕೊ."

ದೊಡ್ಡಪ್ಪ ಎದ್ದು ಒಳಗೆ ಹೋದರು. ಊಟಕ್ಕೆ ಏಳಿ ಎಂದು ಯಾರೂ ಕರೆಯಲಿಲ್ಲ, ನಾವೂ ಕಾಯಲಿಲ್ಲ. ಅವತ್ತಿನಿಂದ ಅವರು ಅಪ್ಪನ ಜೊತೆ ಮಾತು ಬಿಟ್ಟಿದ್ದಾರೆ. ಅಪ್ಪನಿಗೆ ಅದರ ನೋವಿದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ಹಬ್ಬದ ದಿನಗಳಲ್ಲಿ ಅವನು ಬೇಕೆಂದೇ ಡ್ಯೂಟಿ ಹಾಕಿಸಿಕೊಳ್ಳುತ್ತಾನೆ.

ಹಸಿದ ಹೊಟ್ಟೆಯಲ್ಲೇ ಮಂಡ್ಯದ ಬಸ್ಸಿಗೆ ನಿಂತೆವು. ಬಸ್ಸು ಬಂದಾಗ ಜನ ಮುಗಿಬಿದ್ದರು. ನಾನು ಕಿಟಕಿಯೊಳಗೆ ಅದೇ ಕರ್ಚೀಫು ಎಸೆದೆ. ಹತ್ತಿ, ಅಪ್ಪನನ್ನು ಎಳೆದು ಕಿಟಕಿ ಪಕ್ಕಕ್ಕೆ ಕೂರಿಸಿದೆ. ಬಸ್ಸಿನಲ್ಲಿ ಕೂತು ರೂಢಿಯಿಲ್ಲದ ಅವನು ಎರಡು ಸಲ ಏಳಲು ನೋಡಿದ. ತಂಗಿ ಪಕ್ಕದಲ್ಲಿ ಕೂತು ಅವನ ತೋಳಿಗೆ ತಲೆ ಆನಿಸಿದಳು. ಸ್ವಲ್ಪ ಹೊತ್ತಿಗೆ ಕೇಳಿದಳು.

"ಅಪ್ಪ, ಪುಣೆ ರೈಲು ಎಲ್ಲೆಲ್ಲಿ ನಿಲ್ಸ್ತಾರೆ?"

ಅಪ್ಪ ಕಿಟಕಿಯಾಚೆಯ ಕಬ್ಬಿನ ಗದ್ದೆಗಳನ್ನೇ ನೋಡುತ್ತಿದ್ದ.

"ನಂಗೊತ್ತಿಲ್ಲ ಕಣವ್ವ. ನೀನು ಓಗಿ ನಂಗೇಳು."