ಮಳವಳ್ಳಿಗೆ ಎರಡನೇ ದಾರಿ

ಮಳವಳ್ಳಿ ಬಸ್ ನಿಲ್ದಾಣದ ಹತ್ತಿರ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ನಾನು ಕೆಲಸಕ್ಕೆ ಸೇರಿದಾಗ ಅದು ಟಿವಿ ಕೇಬಲ್ ಆಫೀಸು. ಈಗ ಮಳವಳ್ಳಿ ಪೇಟೆಗೆ, ಹಲಗೂರಿಗೆ, ಪೂರಿಗಾಲಿ ಕಡೆಯ ಹಳ್ಳಿಗಳಿಗೆ ಇಂಟರ್ನೆಟ್ ಕೊಡುವ ಆಫೀಸು. ಅಂದಿನಿಂದ ಇಂದಿನವರೆಗೂ ನನ್ನ ಕೆಲಸ ಒಂದೇ: ಗಿರಾಕಿಗಳ ಫೋನ್ ಎತ್ತುವುದು, ದೂರನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು, ಲೈನ್‌ಮನ್‌ಗೆ ಹೇಳುವುದು. ಶಾಲೆ ಮೇಷ್ಟರಾಗಿದ್ದ ನನ್ನ ತಂದೆಗೆ ಇದು ಅರ್ಥವೇ ಆಗುತ್ತಿರಲಿಲ್ಲ. "ಬೈಸಿಕೊಳ್ಳೋದಕ್ಕೂ ಸಂಬಳ ಕೊಡ್ತಾರೇನೇ?" ಎಂದು ಕೇಳುತ್ತಿದ್ದರು.

ಬೈಗುಳ ಇದ್ದದ್ದು ನಿಜ. ಆದರೆ ವರ್ಷಗಟ್ಟಲೆ ಕೇಳಿಸಿಕೊಂಡರೆ ಬೈಗುಳದ ಒಳಗೆ ಏನಿದೆ ಎಂದು ತಿಳಿಯುತ್ತದೆ. ಮೊದಮೊದಲು ಎಲ್ಲರೂ ಸೀರಿಯಲ್ಲಿಗಾಗಿ ಫೋನ್ ಮಾಡುತ್ತಿದ್ದರು. ಸಂಜೆ ಚಾನೆಲ್ ಹೋದರೆ ಹೆಂಗಸರು, ಕ್ರಿಕೆಟ್ಟಿನ ದಿನ ಹೋದರೆ ಗಂಡಸರು. ಇಂಟರ್ನೆಟ್ ಬಂದ ಮೇಲೆ ಒಂದಷ್ಟು ಕಾಲ "ಸ್ಪೀಡ್ ಇಲ್ಲ, ಗುಂಡಗೆ ಸುತ್ತುತಾ ಅದೆ" ಎನ್ನುವುದೇ ದೊಡ್ಡ ದೂರು. ಆಮೇಲೆ ಅದೂ ಕಡಿಮೆಯಾಯಿತು. ಫೋನ್ ಬರುವ ಹೊತ್ತೇ ಬದಲಾಯಿತು. ಸಂಜೆ ಬರುತ್ತಿದ್ದವು ಬೆಳಿಗ್ಗೆ ಹತ್ತಕ್ಕೆ ಬರತೊಡಗಿದವು. ಔಷಧಿ ಅಂಗಡಿಯಿಂದ, ಗೊಬ್ಬರದ ಅಂಗಡಿಯಿಂದ, ಪಹಣಿ ತೆಗೆದುಕೊಡುವವರಿಂದ. ನಿಧಾನ ಎಂದು ಯಾರೂ ಹೇಳುತ್ತಿರಲಿಲ್ಲ. "ಪೂರಾ ಓಗ್ಬುಟ್ಟದೆ" ಎನ್ನುತ್ತಿದ್ದರು.

ಹೋಗುವುದಕ್ಕೆ ಕಾರಣವೂ ನಮಗೆ ಗೊತ್ತಿತ್ತು. ನಮ್ಮ ಫೈಬರ್ ಲೈನು ಮಂಡ್ಯದಿಂದ ಮದ್ದೂರಿಗೆ ಬಂದು, ಅಲ್ಲಿಂದ ಮಳವಳ್ಳಿಗೆ ಬರುತ್ತಿತ್ತು. ಇದ್ದದ್ದು ಅದೊಂದೇ ದಾರಿ. ಆ ದಾರಿಯಲ್ಲಿ ಎಲ್ಲೋ ಚರಂಡಿಗೋ ನೀರಿನ ಪೈಪಿಗೋ ಜೆಸಿಬಿ ಬಂದು ಅಗೆದರೆ, ಕೂದಲಿನಷ್ಟು ಸಣ್ಣ ಗಾಜಿನ ಎಳೆ ತುಂಡಾಗಿ, ಮಳವಳ್ಳಿಯಲ್ಲೂ ಅದರಾಚೆಯ ಹಳ್ಳಿಗಳಲ್ಲೂ ಎಲ್ಲವೂ ನಿಂತುಹೋಗುತ್ತಿತ್ತು.

ಹೆಚ್ಚಾಗಿ ಫೋನ್ ಮಾಡುತ್ತಿದ್ದವರು ಪೂರಿಗಾಲಿಯ ಒಬ್ಬ ಹೆಣ್ಣುಮಗಳು. ಊರಿನವರಿಗೆ ಅರ್ಜಿ, ಪಿಂಚಣಿ, ಹೆಬ್ಬೆಟ್ಟಿನ ಕೆಲಸ ಮಾಡಿಕೊಡುವ ಸೇವಾ ಕೇಂದ್ರ ಆಕೆಯದು. ಎಷ್ಟೋ ವರ್ಷ ದನಿಯಲ್ಲೇ ಪರಿಚಯ. ಬೈಯುತ್ತಿರಲಿಲ್ಲ. "ಅಕ್ಕ, ಇಲ್ಲಿ ವಯಸ್ಸಾದೋರು ಕುಂತವ್ರೆ. ಎಷ್ಟೊತ್ತಾಯ್ತದೆ ಅಂತ ಏಳ್ಬುಡಿ, ಅವ್ರಿಗೆ ಏಳ್ತೀನಿ" ಎಂದಷ್ಟೇ ಕೇಳುತ್ತಿದ್ದರು. ಲೈನು ಯಾವಾಗ ಬರುತ್ತದೆಂದು ನನಗೂ ಗೊತ್ತಿರುತ್ತಿರಲಿಲ್ಲ. "ಇನ್ನರ್ಧ ಗಂಟೆ" ಎಂದು ಸುಳ್ಳು ಹೇಳುತ್ತಿದ್ದೆ.

ಒಂದು ದಿನ ಹಾಗೆ ಸುಳ್ಳು ಹೇಳಿ ಫೋನ್ ಇಟ್ಟ ಮೇಲೆ ಕೂರಲಾಗಲಿಲ್ಲ. ಮದ್ದೂರಿನ ಹತ್ತಿರ ಕಡಿದದ್ದನ್ನು ಅಲ್ಲಿನವರು ಜೋಡಿಸುತ್ತಿದ್ದರು; ನಮ್ಮ ಲೈನ್‌ಮನ್ ಕಂಬ ನೋಡಲು ಪೂರಿಗಾಲಿ ಕಡೆ ಹೊರಟಿದ್ದರು. ಐವತ್ತು ದಾಟಿದ ಮನುಷ್ಯ. ಬೆಳಿಗ್ಗೆ ತಮ್ಮ ಗದ್ದೆಗೆ ನೀರು ಕಟ್ಟಿಯೇ ಕೆಲಸಕ್ಕೆ ಬರುವವರು. "ನಾನೂ ಬರ್ತೀನಿ" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬಂದೇನ್ ಮಾಡೀರಿ ಮೇಡಂ? ಕಂಬ ಅತ್ತೀರಾ?"

"ನೋಡಬೇಕು ಅಷ್ಟೆ."

"ಬನ್ನಿ ಮತ್ತೆ. ಬೈಯದೇನಿದ್ರೂ ಇವತ್ತು ಎದ್ರುಗೇ ಬೈತಾರೆ."

ಕೇಂದ್ರ ಎಂದರೆ ಒಂದು ಕೋಣೆ, ಮುಂದೆ ತಗಡಿನ ಚಪ್ಪರ. ಚಪ್ಪರದ ಕೆಳಗೆ ಹದಿನೈದು ಇಪ್ಪತ್ತು ಜನ ಕೂತಿದ್ದರು. ಹೆಚ್ಚಿನವರು ಮುದುಕಿಯರು. ನಡೆದು ಬಂದವರು, ಮೊಮ್ಮಗಳ ಸ್ಕೂಟಿಯಲ್ಲಿ ಬಂದವರು. ನಾನು ಯಾರೆಂದು ತಿಳಿದ ಕೂಡಲೇ ಆ ಹೆಣ್ಣುಮಗಳು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ದನಿ ಕೇಳಿ ನಾನು ಅಂದುಕೊಂಡದ್ದಕ್ಕಿಂತ ತುಂಬ ಚಿಕ್ಕವರು. ಎಲ್ಲರಿಗೂ ಕೇಳುವಂತೆ, "ನಾನು ಪೋನ್ ಮಾಡ್ತೀನಲ್ಲ, ಅದೇ ಅಕ್ಕ ಇವ್ರು" ಎಂದರು.

ಗೋಡೆಗೆ ಒರಗಿದ್ದ ಒಬ್ಬ ಅಜ್ಜಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. "ಅರ್ದ ಗಂಟೆ ಅರ್ದ ಗಂಟೆ ಅನ್ನೋಳು ನೀನೇಯಾ?"

"ಹೌದಜ್ಜಿ."

"ಎರಡು ಕಿತ ಬಂದು ವಾಪಸ್ ಓಗಿವ್ನಿ ಕಣವ್ವ. ಇವತ್ತು ಬರಾಕಿಲ್ಲ ಅಂತ ಏಳ್ಬುಟ್ರೆ ಮನೇಲೇ ಇರ್ತಿದ್ನಲ್ಲ. ಸುಳ್ಳು ಯಾಕೇಳ್ತೀಯ?"

ಸಿಟ್ಟಿನಿಂದ ಅಂದದ್ದಲ್ಲ ಅದು. ಪಕ್ಕದಲ್ಲಿ ಜಾಗ ಬಿಟ್ಟು ಕೂರಿಸಿಕೊಂಡರು, ಮಡಿಲಲ್ಲಿದ್ದ ಸೀಬೆಹಣ್ಣೊಂದನ್ನು ನನ್ನ ಕೈಗಿಟ್ಟರು. ಲೈನು ಬಂದದ್ದು ಮಧ್ಯಾಹ್ನ ಎರಡೂವರೆಗೆ. ಅಷ್ಟರಲ್ಲಿ ಅರ್ಧ ಜನ ಎದ್ದು ಹೋಗಿದ್ದರು. ಅಜ್ಜಿ ಮಾತ್ರ ಕೂತಿದ್ದು, ಹೆಬ್ಬೆಟ್ಟು ಒತ್ತಿಯೇ ಹೊರಟರು.

ಮರುದಿನ ದೂರಿನ ಪುಸ್ತಕ ಹಿಡಿದುಕೊಂಡು ಆಫೀಸಿನ ಯಜಮಾನರ ಮುಂದೆ ಕೂತೆ. ಮದ್ದೂರಿನ ಕಡೆಯ ವ್ಯವಸಾಯದ ಮನೆತನದವರು ಅವರು. ಕೇಬಲ್ ಕಾಲದಿಂದ ಕಷ್ಟಪಟ್ಟು ಮೇಲೆ ಬಂದವರು, ಮಾತು ಒರಟು. ಆ ತಿಂಗಳು ಅವರ ತಲೆಯಲ್ಲಿದ್ದದ್ದು ಹೊಸ ಮೆಷಿನ್ನು. ಅದನ್ನು ಹಾಕಿದರೆ ಸ್ಪೀಡು ಎರಡರಷ್ಟಾಗುತ್ತದೆ, ಪೇಟೆಯಲ್ಲಿ ಹೊಸದಾಗಿ ಬಂದ ಇನ್ನೊಬ್ಬ ಆಪರೇಟರನ್ನು ಮೀರಿಸಬಹುದು ಎಂದು ಮಾರುವವರು ಬಂದು ಹೇಳಿ ಹೋಗಿದ್ದರು.

"ಸಾರ್, ಸ್ಪೀಡ್ ಕೇಳಿ ಬಂದ ಫೋನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಉಳಿದದ್ದೆಲ್ಲ ಲೈನು ಹೋಗಿದೆ ಅಂತಲೇ. ಬೇಕಾದರೆ ನೀವೇ ನೋಡಿ" ಎಂದು ಪುಸ್ತಕ ಮುಂದಿಟ್ಟೆ. "ಮೆಷಿನ್ ಬಿಟ್ಟು, ಮಳವಳ್ಳಿಗೆ ಇನ್ನೊಂದು ದಾರಿಯಲ್ಲಿ ಲೈನ್ ತರೋಣ."

ಅವರು ಪುಸ್ತಕ ಮುಟ್ಟಲಿಲ್ಲ. "ನೋಡಮ್ಮ, ಸ್ಪೀಡನ್ನ ಫ್ಲೆಕ್ಸಲ್ಲಿ ಇಷ್ಟ್ ದಪ್ಪ ಬರ್ಸಿ ಸರ್ಕಲ್‌ನಲ್ಲಿ ಕಟ್ಬೋದು. ಲೈನ್ ಕಡಿಯಾಕಿಲ್ಲ ಅನ್ನೋದನ್ನ ಎಂಗ್ ಬರ್ಸ್ಲಿ? ಎಂಗ್ ತೋರ್ಸ್ಲಿ?"

ಅವರ ಮಾತಿನಲ್ಲೂ ಅರ್ಥವಿತ್ತು. ಲೈನ್‌ಮನ್ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಯಜಮಾನ್ರೆ, ಗದ್ದೆಗೆ ಎಲ್ಡು ತೂಬಿದ್ರೆ ಒಂದು ಕಟ್ಕೊಂಡ್ರೂ ಇನ್ನೊಂದ್ರಲ್ಲಿ ನೀರು ಬತ್ತದೆ. ಒಂದೇ ತೂಬಿಟ್ಕೊಂಡು ಕಾಲ್ವೆ ಅಗಲ ಮಾಡಿ ಏನ್ ಬಂತು?" ಎಂದರು. "ನೀನ್ ಓಗ್ಲಾ ಕಂಬ ನೋಡು" ಎಂದು ಯಜಮಾನರು ಗದರಿದರು. ಮಾತು ಅಲ್ಲಿಗೆ ನಿಂತಿತು.

ಒಂದು ತಿಂಗಳೊಳಗೆ ಮಂಡ್ಯದಲ್ಲಿ ನನ್ನ ತಂಗಿಯ ಸೀಮಂತ ಬಂತು. ರಜೆ ಹಾಕಿದೆ. ನನ್ನ ಬದಲಿಗೆ ಫೋನ್ ಎತ್ತಲು ಯಾರೂ ಇಲ್ಲದೆ, "ಒಂದಿನ ತಾನೆ, ನಾನೇ ನೋಡ್ಕತೀನಿ ಬುಡಿ" ಎಂದು ಯಜಮಾನರೇ ಕೂತರು. ಅದೇ ದಿನ ಬೆಳಿಗ್ಗೆ ಶಿವಪುರದ ಹತ್ತಿರ ಪೈಪಿಗೆಂದು ಅಗೆಯುತ್ತಿದ್ದ ಜೆಸಿಬಿ ನಮ್ಮ ಲೈನನ್ನು ಎರಡು ಕಡೆ ಕಿತ್ತುಹಾಕಿತು. ನನಗೆ ಏನೂ ಗೊತ್ತಿಲ್ಲ. ತಂಗಿಗೆ ಬಳೆ ತೊಡಿಸಿ, ಹೋಳಿಗೆ ಉಂಡು, ಹಾಯಾಗಿ ಸಂಜೆಯ ಬಸ್ಸಿಗೆ ಬಂದೆ.

ಮರುದಿನ ಆಫೀಸಿಗೆ ಹೋದರೆ ಯಜಮಾನರು ನನಗಿಂತ ಮೊದಲೇ ಬಂದು ಕೂತಿದ್ದರು. ಮುಖ ಇಳಿದಿತ್ತು. ದೂರಿನ ಪುಸ್ತಕದಲ್ಲಿ ಅವರ ದಪ್ಪ ಅಕ್ಷರದಲ್ಲಿ ನಾಲ್ಕು ಪುಟ ತುಂಬಿತ್ತು. ಕೊನೆಯ ಪುಟದಲ್ಲಿ ಅಕ್ಷರ ಓದಲಾಗುವಂತಿರಲಿಲ್ಲ.

"ದಿನಾ ಇಂಗೇನಮ್ಮ ನಿಮ್ಗೆ?" ಎಂದರು.

"ಲೈನ್ ಹೋದ ದಿನ ಹೀಗೇ ಸಾರ್."

ಯಜಮಾನರು ಪುಸ್ತಕ ಮುಚ್ಚಿದರು. "ಪೂರಿಗಾಲಿಯಿಂದ ಒಂದೆಣ್ಣು ಮಾಡಿತ್ತು. ಬೈದಿದ್ರೆ ನಾನೂ ತಿರ್ಗಿಸಿ ಬೈತಿದ್ದೆ. 'ಎಷ್ಟೊತ್ತಾಯ್ತದಣ್ಣ, ಏಳ್ಬುಡಿ' ಅಂತು. ನಾನೂ ಅರ್ದ ಗಂಟೆ ಅಂತ ಸುಳ್ಳೇಳ್ದೆ ಕಣಮ್ಮ." ಆಮೇಲೆ ಲೈನ್‌ಮನ್‌ನನ್ನು ಕೂಗಿ, "ಬನ್ನೂರು ಕಡೆಯಿಂದ ತರಾದಾದ್ರೆ ಎಷ್ಟು ಕಂಬ ಬೇಕಾಯ್ತದೆ, ನೋಡ್ಕೊಂಡ್ ಬಾರ್ಲಾ" ಎಂದರು. ಲೈನ್‌ಮನ್ ನನ್ನ ಕಡೆ ನೋಡಿ ನಗು ಅಡಗಿಸಿಕೊಂಡು ಮೆಟ್ಟಿಲು ಇಳಿದರು.

ಹೇಳಿದಷ್ಟು ಸುಲಭವಾಗಿ ಆಗಲಿಲ್ಲ. ಅನುಮತಿಗೆ ಮಂಡ್ಯಕ್ಕೆ ಎಷ್ಟು ಸಲ ಓಡಾಡಿದೆನೋ ನೆನಪಿಲ್ಲ. ಆ ಓಡಾಟ ನನ್ನ ಪಾಲಿಗೆ ಬಂದಿತ್ತು. ಕಚೇರಿಯ ಬೆಂಚಿನ ಮೇಲೆ ಕೂತು ಕೂತು ಅಲ್ಲಿನ ಗುಮಾಸ್ತರಿಗೆಲ್ಲ ಗುರುತಾದೆ. ಕಬ್ಬಿನ ಗದ್ದೆಯೊಂದರ ಬದುವಿನ ಮೇಲೆ ಕಂಬ ನೆಡಲು ರೈತರೊಬ್ಬರು ಮೂರು ವಾರ ಒಪ್ಪಲಿಲ್ಲ. ಕೊನೆಗೆ ನಮ್ಮ ಲೈನ್‌ಮನ್ ಆ ರೈತರ ಜೊತೆ ಒಂದು ಮಧ್ಯಾಹ್ನ ಪೂರ್ತಿ ನೀರು ಬಿಡುವ ಸರದಿ, ದನದ ಕಾಯಿಲೆ ಮಾತಾಡಿಕೊಂಡು ಕೂತರು. ಇಂಟರ್ನೆಟ್ಟಿನ ಮಾತು ಎತ್ತಲೇ ಇಲ್ಲವಂತೆ. ಹೊರಡುವಾಗ ರೈತರೇ, "ಬದ ಒಡೀದಂಗೆ ನೆಟ್ಕೊಳ್ರಪ್ಪ" ಎಂದರಂತೆ. ಆ ವರ್ಷದ ಮಳೆಗಾಲಕ್ಕೆ ಮೊದಲು ಎರಡನೇ ಲೈನು ಮಳವಳ್ಳಿ ಮುಟ್ಟಿತು. ಹೊಸ ಮೆಷಿನ್ನು ಬರಲಿಲ್ಲ. ಪೇಟೆಯಲ್ಲಿ ಕೆಲವರು ಆ ಇನ್ನೊಬ್ಬ ಆಪರೇಟರ್ ಕಡೆ ಹೋದರು. ಯಜಮಾನರು ಗೊಣಗಿದರೂ ನನ್ನನ್ನು ಏನೂ ಅನ್ನಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಆಫೀಸಿನಲ್ಲಿ ಲೈನುಗಳು ಬಂದು ಸೇರುವ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿತು. ಮದ್ದೂರಿನ ಕಡೆ ಲೈನು ಹೋಗಿದೆ ಎಂದು ಅರ್ಥ. ಲೈನ್‌ಮನ್ ಗಾಡಿ ಹತ್ತಿದರು. ನಾನು ಪೆನ್ನು ಹಿಡಿದು ಕಾದೆ. ಹತ್ತು ಗಂಟೆಯಾಯಿತು, ಹತ್ತೂವರೆಯಾಯಿತು. ಯಾರೂ ಫೋನ್ ಮಾಡಲಿಲ್ಲ. ನಮ್ಮ ಫೋನೇ ಕೆಟ್ಟಿರಬೇಕು ಎನಿಸಿ, ನಾನೇ ಪೂರಿಗಾಲಿಗೆ ಮಾಡಿದೆ.

"ಲೈನ್ ಹೇಗಿದೆಯಮ್ಮ?"

"ಬತ್ತಾ ಅದಲ್ಲಕ್ಕ. ಯಾಕೆ, ಓಯ್ತದಾ?" ಆಕೆಯ ದನಿಯಲ್ಲಿ ಗಾಬರಿ.

"ಇಲ್ಲ, ಸುಮ್ಮನೆ ಕೇಳಿದೆ. ಜನ ಇದ್ದಾರಾ?"

"ಬಂದೋರ್ದು ಬಂದಂಗೆ ಮುಗೀತಾ ಅದೆ. ಯಾರೂ ಕುಂತಿಲ್ಲ. ಊಟ ಆಯ್ತಾ ಅಕ್ಕ?"

ಹತ್ತೂವರೆಗೆ ಯಾರ ಊಟ ಆಗಿರುತ್ತದೆ! ಆದರೆ ಅಷ್ಟು ವರ್ಷಗಳಲ್ಲಿ ಆಕೆ ನನ್ನನ್ನು ಬೇರೆ ಏನಾದರೂ ಕೇಳಿದ್ದು ಅದೇ ಮೊದಲು. ಅಡುಗೆ, ಮಕ್ಕಳು, ಅವರೆಕಾಯಿ ಎಂದು ಕಾಲು ಗಂಟೆ ಮಾತಾಡಿದೆವು. ಎದುರು ಕೂತಿದ್ದ ಯಜಮಾನರು, "ಇದಕ್ಕಾ ನಾನು ಸಂಬ್ಳ ಕೊಡಾದು?" ಎಂದರು. ಆಮೇಲೆ ಕೆಳಗಿನ ಹೋಟೆಲಿಗೆ ಕೂಗಿ ಎಲ್ಲರಿಗೂ ಕಾಫಿ ತರಿಸಿದರು.

ಈಗ ನಮ್ಮಲ್ಲಿ ಬೇರೆ ಮಾತು. ಹಲಗೂರಿನಲ್ಲಿ ಕರೆಂಟು ಹೋದಾಗ ಅಲ್ಲಿನ ಪೆಟ್ಟಿಗೆಯೂ ನಿಲ್ಲುತ್ತಿತ್ತು, ಹಾಗಾಗಿ ಬ್ಯಾಟರಿ, ಸೋಲಾರ್ ಫಲಕ ಹಾಕಿದ್ದೇವೆ. ಯಾರೂ ಹೊರಗಿನಿಂದ ನಮ್ಮ ನೆಟ್‌ವರ್ಕಿಗೆ ನುಗ್ಗಿ ಕೆಡಿಸದಂತೆ ಪಾಸ್‌ವರ್ಡು ಬದಲಿಸುವ ಕೆಲಸ. ಇದನ್ನು ಕಲಿಯಲು ನನ್ನನ್ನೇ ಮಂಡ್ಯಕ್ಕೆ ಎರಡು ದಿನ ಕಳಿಸಿದ್ದರು. ತರಗತಿಯಲ್ಲಿ ನನ್ನಷ್ಟು ವಯಸ್ಸಿನವರು ಇನ್ನೊಬ್ಬರಿರಲಿಲ್ಲ. ಹೇಳಿದ್ದೆಲ್ಲ ತಲೆಗೆ ಹತ್ತಲಿಲ್ಲ, ಮುಕ್ಕಾಲು ಪಾಲು ಹತ್ತಿತು.

ತಿಂಗಳಿಗೊಂದು ದಿನ ಲೈನ್‌ಮನ್ ಜೊತೆ ಹಲಗೂರಿಗೆ ಹೋಗಿ ಬ್ಯಾಟರಿಗಳನ್ನು ನೋಡಿ ಬರುತ್ತೇನೆ. ಹೋದ ವಾರ ಹೋದಾಗ ಕೆಲಸ ಬೇಗ ಮುಗಿಯಿತು. ಅವರಿಗೆ ಅಲ್ಲೇ ನೆಂಟರ ಮನೆಯಲ್ಲಿ ಏನೋ ಕೆಲಸ. ನಾನು ಬಸ್ಸಿಗೆ ನಿಂತೆ. ಹಳ್ಳಿಗಳಿಗೆ ಹೋಗುವ ಹೆಂಗಸರು ಸಂತೆಯ ಚೀಲ ಇಟ್ಟುಕೊಂಡು ಕೂತಿದ್ದರು. ಒಬ್ಬರು ಜಾಗ ಬಿಟ್ಟು, "ಯಾವೂರವ್ವ? ಏನ್ ಕೆಲ್ಸ ಮಾಡ್ತೀಯ?" ಎಂದು ವಿಚಾರಿಸಿದರು. ಹೇಳಲು ಶುರು ಮಾಡಿದೆ. ಅಷ್ಟರಲ್ಲಿ ಮಳವಳ್ಳಿ ಬಸ್ಸು ಬಂತು. ಅವರೂ ಅದಕ್ಕೇ ಹತ್ತಿದರು. ಉಳಿದದ್ದನ್ನು ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ.