ಬೈಗುಳ ಓದುವ ಕೆಲಸ

ಊರಿನಲ್ಲಿ ನನ್ನ ಕೆಲಸದ ಬಗ್ಗೆ ಎಲ್ಲರಿಗೂ ದೊಡ್ಡ ಕಲ್ಪನೆಯಿದೆ. ಮುಂಬೈ, ಇಂಟರ್ನೆಟ್ ಕಂಪನಿ, ಗಾಜಿನ ಬಿಲ್ಡಿಂಗು. ಗದಗಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಮೊಬೈಲ್ ಹಿಡಿದು ಬಂದು, ತಮ್ಮ ವಿಡಿಯೋವನ್ನು ಹೆಚ್ಚು ಮಂದಿ ನೋಡುವ ಹಾಗೆ ಮಾಡಿಕೊಡು ಎನ್ನುತ್ತಾರೆ. ನಕ್ಕು ಸುಮ್ಮನಾಗುತ್ತೇನೆ. ನಿಜ ಹೇಳಿದರೆ ನಂಬುವುದಿಲ್ಲ, ನಂಬಿದರೆ ಇನ್ನೂ ಕಷ್ಟ. ಜನ ಕನ್ನಡದಲ್ಲಿ ಬರೆಯುವ ಬೈಗುಳಗಳನ್ನು ದಿನಕ್ಕೆ ಎಂಟು ಗಂಟೆ ಕೂತು ಓದುವುದೇ ನನ್ನ ಹೊಟ್ಟೆಪಾಡು.

ಕೆಲಸ ಸರಳ. ವಿಡಿಯೋಗಳ ಕೆಳಗೆ ಬರೆದ ಕಮೆಂಟುಗಳು ಒಂದರ ಹಿಂದೊಂದು ಪರದೆಯ ಮೇಲೆ ಬರುತ್ತವೆ. ಬಿಡಬಹುದಾದ್ದನ್ನು ಬಿಡಬೇಕು, ಬಿಡಬಾರದ್ದನ್ನು ತೆಗೆಯಬೇಕು, ತೀರಾ ಅತಿಯಾದರೆ ಬರೆದವರ ಅಕೌಂಟನ್ನೇ ಒಂದು ತಿಂಗಳು ಬಂದ್ ಮಾಡಬೇಕು. ನಮಗಿಂತ ಮೊದಲು ಯಂತ್ರವೊಂದು ಸೋಸುತ್ತದೆ. ಆದರೆ ಅದಕ್ಕೆ ಪುಸ್ತಕದ ಕನ್ನಡ ಅಷ್ಟಿಷ್ಟು ಬರುತ್ತದೆಯೇ ಹೊರತು ನಮ್ಮ ಕಡೆಯ ಮಾತು ತಿಳಿಯುವುದಿಲ್ಲ. ಪಕ್ಕದ ಕುರ್ಚಿಯ ಮೈಸೂರಿನ ಹುಡುಗಿಗೂ ಅಷ್ಟಕ್ಕಷ್ಟೆ. ಹೀಗಾಗಿ ಗದಗ, ಹುಬ್ಬಳ್ಳಿ, ಕೊಪ್ಪಳದ ಬೈಗುಳವೆಲ್ಲ ತವರಿನವರು ಉಡಿ ತುಂಬಿದ ಹಾಗೆ ಸೀದಾ ನನ್ನ ಮಡಿಲಿಗೆ ಬೀಳುತ್ತದೆ. ಈ ಕೆಲಸದಲ್ಲಿ ನನಗೆ ಏಳನೇ ವರ್ಷ ನಡೆಯುತ್ತಿದೆ.

ನಮ್ಮ ಟೀಮಿನ ಮುಖ್ಯಸ್ಥೆ ನಾಗಪುರದವಳು. ಒಮ್ಮೆ ನನ್ನ ಪರದೆಯ ಮೇಲಿನ ರಾಶಿ ನೋಡಿ, "ಕನ್ನಡಾ ಮೇ ಇತನಾ ಗುಸ್ಸಾ ಕಿಸ್ ಬಾತ್ ಕಾ ಹೈ, ಯಾರ್?" ಎಂದಳು. ಕನ್ನಡದವರಿಗೆ ಇಷ್ಟೊಂದು ಸಿಟ್ಟು ಯಾತಕ್ಕೆ ಎಂದು ಅವಳ ಪ್ರಶ್ನೆ.

"ಆಪ್ಕೀ ಮರಾಠಿ ಮೇ ಕಮ್ ಹೈ ಕ್ಯಾ?" ಎಂದೆ, ನಿಮ್ಮ ಮರಾಠಿಯಲ್ಲೇನು ಕಡಿಮೆಯಿದೆಯೇ ಎಂಬ ಅರ್ಥದಲ್ಲಿ.

ಅವಳು ನಕ್ಕಳು. ನನಗೆ ಮೈ ಉರಿಯಿತು. ಇಡೀ ಭಾಷೆಯ ಪರವಾಗಿ ಆ ಮಹಡಿಯಲ್ಲಿ ನಾನೊಬ್ಬಳೇ ಜವಾಬು ಕೊಡಬೇಕಾದ ಪರಿಸ್ಥಿತಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಸುಳ್ಳು. ಈಗ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ. ನನ್ನಂಥವಳೊಬ್ಬಳು ಬಂದು ತೆಗೆಯುವ ತನಕ ಅಲ್ಲೇ ಕೂತಿರುತ್ತದೆ. ತೆಗೆಯುವುದಕ್ಕೂ ನಿಯಮಗಳಿವೆ. ಕೆಟ್ಟ ಪದಗಳದೊಂದು ಪಟ್ಟಿ ಕೊಟ್ಟಿದ್ದಾರೆ. ಪಟ್ಟಿಯಲ್ಲಿರುವ ಪದ ಕಂಡರೆ ತೆಗೆ, ಇಲ್ಲದಿದ್ದರೆ ಬಿಡು. "ನಿಮ್ಮಪ್ಪ ನಿನ್ನ ಹುಟ್ಟಿದ ದಿನಾನ ಬಾವಿಗೆ ಹಾಕಬೇಕಿತ್ತು" ಎಂಬುದರಲ್ಲಿ ಪಟ್ಟಿಯ ಯಾವ ಪದವಿದೆ? ಅದನ್ನು ತೆಗೆಯಲು ನಾನು ಮೇಲಿನವರಿಗೆ ಹಿಂದಿಯಲ್ಲಿ ಅರ್ಥ ಬಿಡಿಸಿ ಹೇಳಬೇಕು. ಅವರು ತಲೆಯಾಡಿಸುವಷ್ಟರಲ್ಲಿ ಇನ್ನೂ ಐವತ್ತು ಬಂದಿರುತ್ತವೆ.

ಮುಂಬೈಯ ಮುಲುಂಡಿನ ಹೌಸಿಂಗ್ ಸೊಸೈಟಿಯೊಂದರಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ರೂಮು ಮಾಡಿಕೊಂಡಿದ್ದೇನೆ. ಮೊದಲೆಲ್ಲ ಭಾನುವಾರ ಸ್ಲೋ ಲೋಕಲ್ ಟ್ರೇನು ಹಿಡಿದು ಮಾಟುಂಗದ ಕನ್ನಡದವರ ಹೋಟೆಲಿಗೆ ಹೋಗುತ್ತಿದ್ದೆ. ಇಡ್ಲಿ ಸಾಂಬಾರು ಒಂದು ನೆಪ. ಪಕ್ಕದ ಟೇಬಲ್ಲಿನಿಂದ ಕನ್ನಡ ಕಿವಿಗೆ ಬಿದ್ದರೆ ಸಾಕು, ವಾರದ ದಣಿವು ಇಳಿಯುತ್ತಿತ್ತು. ಈಗ ಅಲ್ಲಿಗೂ ಹೋಗುವುದಿಲ್ಲ. ಎದುರು ಕೂತು ಕಾಫಿ ಆರಿಸಿ ಕುಡಿಯುವ ಹಿರಿಯರನ್ನು, ಮಗಳ ತಟ್ಟೆಗೆ ದೋಸೆ ಮುರಿದು ಹಾಕುವ ತಂದೆಯನ್ನು ನೋಡುತ್ತ ನೋಡುತ್ತ, ಇವರು ಮೊಬೈಲಿನಲ್ಲಿ ಏನು ಬರೆಯುತ್ತಿರಬಹುದು ಎಂಬ ಯೋಚನೆ ಹತ್ತುತ್ತದೆ. ಅಂಥದ್ದನ್ನೆಲ್ಲ ಬರೆಯುವವರಿಗೆ ಕೋರೆಹಲ್ಲೇನೂ ಇರುವುದಿಲ್ಲ. ಹೆಸರಿನ ಪಕ್ಕದ ಸಣ್ಣ ಫೋಟೋದಲ್ಲಿ ಹಣೆಗೆ ವಿಭೂತಿ ಇರುತ್ತದೆ, ತೊಡೆಯ ಮೇಲೆ ಮೊಮ್ಮಗು ಇರುತ್ತದೆ. ಯಾರ ಮುಖ ನೋಡಿದರೂ ಅನುಮಾನ ಬರುವಂತಾದ ಮೇಲೆ ಮಾಟುಂಗದ ಇಡ್ಲಿ ರುಚಿಸಲಿಲ್ಲ.

ಆ ಅನುಮಾನದಿಂದ ಒಬ್ಬನನ್ನು ಮಾತ್ರ ಹೊರಗಿಟ್ಟಿದ್ದೆ, ನನ್ನ ಅಣ್ಣನನ್ನು.

ನಾನು ಮುಂಬೈಗೆ ಹೊರಟಾಗ ನಮ್ಮ ದೊಡ್ಡಪ್ಪ ಮನೆಗೆ ಬಂದು, ಹೆಣ್ಣುಮಗಳನ್ನು ಅಷ್ಟು ದೂರ ಕಳಿಸಿದರೆ ಮಂದಿ ಏನಂದಾರು ಎಂದು ಕೂಗಾಡಿದ್ದರು. ಅಣ್ಣ ಎದ್ದು ನಿಂತು, "ಮಂದಿ ಬಾಯಿಗೆ ಬಾಗಲಾ ಹಾಕಾಕ ಆಗಂಗಿಲ್ರಿ ದೊಡ್ಡಪ್ಪ. ನಮ್ಮ ತಂಗಿ ಮ್ಯಾಲೆ ನನಗ ನಂಬಿಗಿ ಐತಿ" ಎಂದಿದ್ದ. ರೊಟ್ಟಿಗಂಟು, ಶೇಂಗಾಚಟ್ನಿ ಹೊತ್ತುಕೊಂಡು ತಾನೇ ಜೊತೆಗೆ ಬಂದ. ರೂಮಿನ ಬಾಗಿಲಿನ ಚಿಲಕ ಸಡಿಲವಿದ್ದದ್ದು ಕಂಡು, ಭಾಷೆ ಬಾರದಿದ್ದರೂ ಮುಲುಂಡಿನ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಹುಡುಕಿ, ಹೊಸದು ತಂದು ಕೂಡಿಸಿಕೊಟ್ಟ. ಪ್ರತಿ ವರ್ಷ ಪಂಚಮಿಗೆ ನನ್ನನ್ನು ಕರೆಯಲು ಬರುತ್ತಾನೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಅಣ್ಣಂದಿರು ಕರೆದೊಯ್ಯುವ ಹಬ್ಬ ಅದು. ಮದುವೆಯಾಗದ ನನ್ನನ್ನೂ ರಾತ್ರಿ ಬಸ್ಸಿನಲ್ಲಿ ಬಂದು ಕರೆದೊಯ್ಯುತ್ತಾನೆ. ಗಂಡಸರ ಬಗ್ಗೆ ರೂಮಿನ ಹುಡುಗಿಯರು ಏನಾದರೂ ಅಂದರೆ, ಎಲ್ಲರೂ ಹಾಗಿರುವುದಿಲ್ಲ ಎಂದು ನಾನು ಅವನನ್ನೇ ಉದಾಹರಣೆ ಕೊಡುತ್ತಿದ್ದೆ.

ಹೋದ ವರ್ಷ ಪಂಚಮಿಗೆ ಇನ್ನು ಎರಡು ವಾರವಿತ್ತು. ಊಟದ ಹೊತ್ತಿಗೆ ಮುಂಚೆ ಒಂದು ವಿಡಿಯೋದ ಕಮೆಂಟುಗಳು ನನ್ನ ಪರದೆಗೆ ಬಂದವು. ಪುಣೆಯಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗಿಯೊಬ್ಬಳು ತನ್ನ ದುಡಿಮೆಯಲ್ಲಿ ಸ್ಕೂಟರ್ ಕೊಂಡು, ಅದಕ್ಕೆ ಹೂವಿನ ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಿ ನಗುತ್ತಿದ್ದಳು. ಅಷ್ಟೇ ವಿಡಿಯೋ. ಕೆಳಗೆ ಎಂದಿನಂತೆ ಹೊಲಸು ಹರಿದಿತ್ತು. ನಾನು ಎಂದಿನಂತೆ ತೆಗೆಯುತ್ತ ಹೋದೆ. ಒಂಬತ್ತನೆಯದೋ ಹತ್ತನೆಯದೋ ಕಮೆಂಟಿನ ಪಕ್ಕದಲ್ಲಿ ಒಂದು ಫೋಟೋ ಇತ್ತು. ದಾದರಿನಲ್ಲಿ ನಾನೇ ಕೊಂಡ ನೀಲಿ ಅಂಗಿ ತೊಟ್ಟ ಅಣ್ಣ, ನಮ್ಮ ಮನೆಯ ಕಟ್ಟೆಯ ಮೇಲೆ. ಆ ಫೋಟೋ ತೆಗೆದವಳೂ ನಾನೇ.

ಅವನು ಎರಡು ಸಾಲು ಬರೆದಿದ್ದ. ಮೊದಲನೆಯದನ್ನು ಇಲ್ಲಿ ಬರೆಯಲಾರೆ, ಅದರಲ್ಲಿ ಪಟ್ಟಿಯ ಪದಗಳಿದ್ದವು. ಎರಡನೆಯದರಲ್ಲಿ ಒಂದೂ ಇರಲಿಲ್ಲ. "ಊರ ಬಿಟ್ಟು ಹೋಗಿ ದುಡಿಯೋ ಹೆಣ್ಮಕ್ಕಳು ಹೆಂಗ ದುಡೀತಾರಂತ ಯಾರಿಗೆ ಗೊತ್ತಿಲ್ಲ?"

ಪರಿಚಯದವರ ಕಮೆಂಟು ಬಂದರೆ ಅದನ್ನು ಮುಟ್ಟದೆ ಬೇರೆಯವರಿಗೆ ದಾಟಿಸಬೇಕೆಂಬುದು ನಿಯಮ. ನಾನು ದಾಟಿಸಲಿಲ್ಲ. ದಾಟಿಸಿದರೆ ಪಕ್ಕದ ಮೈಸೂರಿನ ಹುಡುಗಿ ಓದುತ್ತಾಳೆ, ಇದರ ಅರ್ಥವೇನು ಎಂದು ನನ್ನನ್ನೇ ಕೇಳುತ್ತಾಳೆ. ಹೊಲಸು ಬರೆದವನು ಅವನು, ಮನೆಯ ಮಾನ ಮುಚ್ಚುವ ಕೆಲಸ ಬಂದದ್ದು ನನ್ನ ಪಾಲಿಗೆ. ಕಮೆಂಟು ತೆಗೆದು, ಅಕೌಂಟು ಒಂದು ತಿಂಗಳು ಬಂದ್ ಮಾಡಿ, ಮುಂದಿನದಕ್ಕೆ ಹೋದೆ. ಸಂಜೆಯವರೆಗೂ ಕೆಲಸ ಮಾಡಿದೆ, ಒಂದು ತಪ್ಪೂ ಆಗಲಿಲ್ಲ.

ಎರಡು ದಿನ ಅವನ ಮೇಲಿನ ಸಿಟ್ಟಿಗೆ ಅನ್ನ ಸೇರಲಿಲ್ಲ. ಸಿಟ್ಟಿನ ಜೊತೆಗೆ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಅದನ್ನು ಬರೆಯುವಾಗ ಅವನಿಗೆ ನಾನು ನೆನಪಾಗಲಿಲ್ಲವೇ, ಅಥವಾ ನೆನಪಾಗಿಯೇ ಬರೆದನೇ? ಯಾವುದೋ ಕೆಟ್ಟ ಗಳಿಗೆ, ಗೆಳೆಯರ ಹುರುಪು, ಒಂದೇ ಒಂದು ಸಲ ಕೈತಪ್ಪಿ ಬರೆದಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ವಕೀಲರೂ ಅಷ್ಟು ವಾದ ಮಾಡಿರಲಿಕ್ಕಿಲ್ಲ.

ಮೂರನೆಯ ದಿನ ಸಂಜೆ ಮುಲುಂಡ್ ಸ್ಟೇಷನ್ನಿನ ಬ್ರಿಡ್ಜ್ ಹತ್ತುತ್ತಿದ್ದಾಗ ಅವನ ಫೋನು ಬಂತು. ಜನರಿಂದ ಸರಿದು ಕಂಬಿಯ ಪಕ್ಕ ನಿಂತೆ.

"ತಂಗೀ, ಆರಾಮ ಅದಿಯಿಲ್ಲ? ನನ್ನ ಅಕೌಂಟ್ ಬಂದ್ ಮಾಡ್ಯಾರ ನೋಡು. ನೀ ಅಂಥಾ ಕಂಪನ್ಯಾಗ ಅದಿ, ಯಾರಿಗರ ಒಂದ್ ಮಾತ್ ಹೇಳಿ ಬಿಡಿಸಿಕೊಡು."

"ಏನ್ ಬರದಿದ್ದಿ ಅಣ್ಣಾ?"

"ಏನೂ ಇಲ್ಲವಾ. ಎಲ್ಲಾರೂ ಚಾಷ್ಟಿಗೆ ಬರೀತಾರ, ನಾನೂ ಬರದೆ. ಅದನ್ನೆಲ್ಲಾ ಯಾರ್ ಕುಂತ್ ಓದ್ತಾರ?"

"ನಾನ ಓದ್ತೀನಿ. ನನ್ನ ಕೆಲಸಾನ ಅದು."

ಅವನು ನಗಬಹುದು ಎಂದುಕೊಂಡೆ. ನಗಲಿಲ್ಲ. ಅತ್ತ ಟೀವಿಯ ಸದ್ದು ಕೇಳುತ್ತಿತ್ತು, ಅವನ ಹೆಂಡತಿ, ನಮ್ಮ ವೈನಿ, ಮಕ್ಕಳನ್ನು ಊಟಕ್ಕೆ ಕರೆಯುತ್ತಿದ್ದರು. ಬಾಗಿಲು ಎಳೆದುಕೊಂಡ ಸಪ್ಪಳ ಬಂತು, ಆಮೇಲೆ ಟೀವಿ ಕೇಳಲಿಲ್ಲ. ಅವನು ಹೊರಗೆ ಕಟ್ಟೆಗೆ ಬಂದಿರಬೇಕು.

ನನ್ನ ಮಾತನ್ನು ಅಲ್ಲಗಳೆಯುತ್ತಾನೆ, ಇಲ್ಲವೇ ತಪ್ಪಾಯಿತು ಎನ್ನುತ್ತಾನೆ ಎಂದು ಕಾದೆ. ಎರಡರಲ್ಲಿ ಯಾವುದಾದರೂ ನಡೆಯುತ್ತಿತ್ತು.

ದನಿ ತಗ್ಗಿಸಿ ಕೇಳಿದ, "ಯಾವ್ಯಾವ ಓದಿದಿ?"

ನಾನು ಓದಿದ್ದು ಒಂದನ್ನೇ. ಒಂದೇ ಒಂದು ಸಲ ಬರೆದಿದ್ದಾನೆ ಎಂಬುದರ ಮೇಲೆಯೇ ಎರಡು ದಿನ ಅವನನ್ನು ಉಳಿಸಿಕೊಂಡಿದ್ದೆ.

"ಎಲ್ಲಾ ಓದೀನಿ" ಎಂದೆ.



"ಅವ್ವಗ ಹೇಳಬ್ಯಾಡ" ಎಂದ.