ಡೆಲ್‌ಗೆ ಬಾರದ ಭಾಷೆ

ಡೆಲ್ಬರ್ಟ್ ಹ್ಯೂಬ್ನರ್ ಹೋದ ವರ್ಷ ನೆಬ್ರಾಸ್ಕಾದ ತನ್ನ ಹೊಲಮನೆಯಲ್ಲಿ ತೀರಿಕೊಂಡ. ಅವನ ಮಗಳು ನನಗೆ ಕಾಗದ ಬರೆದಿದ್ದಾಳೆ. ಅಪ್ಪ ಜರ್ಮನಿಯಲ್ಲಿ ಎರಡು ವರ್ಷ ಸಿಪಾಯಿಯಾಗಿದ್ದರಂತೆ, ಅಲ್ಲಿ ಏನು ಮಾಡುತ್ತಿದ್ದರು, ಮನೆಯಲ್ಲಿ ಒಂದು ದಿನವೂ ಬಾಯಿ ಬಿಡಲಿಲ್ಲ, ನೀವು ಜೊತೆಗಿದ್ದವರು, ಹೇಳಿ ಎಂದು. ಏನು ಮಾಡುತ್ತಿದ್ದ ಎಂದರೆ ನೀರು ಕಾಯಿಸುತ್ತಿದ್ದ. ಅಷ್ಟೇ ಬರೆದು ಮುಗಿಸಬಹುದಿತ್ತು. ಆದರೆ ಬಾಯಿ ಬಿಡದೆ ಇದ್ದದ್ದರಲ್ಲಿ ನನ್ನ ಪಾಲೂ ಇದೆ. ಅದನ್ನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದು ಸಾಕು.

ಡೆಲ್ ಯುದ್ಧ ಮಾಡಿದವನಲ್ಲ, ನಾನೂ ಅಲ್ಲ. ನಾವು ಹೋಗಿ ಇಳಿಯುವ ಹೊತ್ತಿಗೆ ಎರಡನೇ ಮಹಾಯುದ್ಧದ ಗುಂಡಿನ ಸದ್ದು ನಿಂತು ಒಂದು ವರ್ಷವಾಗಿತ್ತು. ಗೆದ್ದವರು ಬೇರೆಯವರು, ಗೆದ್ದ ಗತ್ತು ಮಾತ್ರ ನಮ್ಮದು. ಹೆಸ್ಸೆ ಸೀಮೆಯ ಒಂದು ಸಣ್ಣ ಊರಿನಲ್ಲಿ, ಜರ್ಮನ್ ಸೈನ್ಯದ ಹಳೇ ಕುದುರೆಲಾಯದ ಪಕ್ಕದ ಕಟ್ಟಡದಲ್ಲಿ ನಮ್ಮ ತುಕಡಿಯ ಬಿಡಾರ. ಬೆಳಿಗ್ಗೆ ಸೀಟಿ, ಹಾಜರಿ, ಬೂಟಿಗೆ ಪಾಲಿಶ್, ಕಲ್ಲಿದ್ದಲ ರಾಶಿಗೆ ಕಾವಲು, ಸಂಜೆಗೆ ಬಿಯರು, ಇಲ್ಲವೆ ಸಿನಿಮಾ. ಶತ್ರುವೇ ಇಲ್ಲದ ಊರಿನಲ್ಲಿ ಎಷ್ಟು ದಿನ ಎದೆ ಉಬ್ಬಿಸಿಕೊಂಡು ನಡೆಯುತ್ತೀರಿ? ನಾವು ನಡೆದೆವು. ನಾನು, ಮೆರಿಲ್ ಓಕ್ಸ್, ಕಚೇರಿಯಲ್ಲಿ ಟೈಪಿಸ್ಟು. ಡೆಲ್ ಅಡುಗೆಮನೆಯ ಹಿಂದಿನ ಡ್ರಮ್ಮುಗಳ ಯಜಮಾನ.

ಆ ಡ್ರಮ್ಮುಗಳ ಕತೆ ಹೇಳದೆ ಡೆಲ್‌ನ ಕತೆ ಹೇಳಲಾಗದು. ಊಟವಾದ ಮೇಲೆ ಪ್ರತಿಯೊಬ್ಬನೂ ತನ್ನ ತಟ್ಟೆಯನ್ನು ತಾನೇ ತೊಳೆಯಬೇಕು. ಮೊದಲು ಎಂಜಲು ಸುರಿಯುವ ಡ್ರಮ್ಮು, ಆಮೇಲೆ ಸಾಬೂನು ನೀರಿನದು, ಕಡೆಗೆ ಕುದಿಯುವ ಬರಿನೀರಿನವು ಎರಡು. ನೀರು ಕುದಿಯುವುದು ನಿಂತರೆ ಸಿಪಾಯಿಗಳಿಗೆ ಭೇದಿ, ಡೆಲ್‌ಗೆ ಬೈಗುಳ. ಎಂಜಲು ಡ್ರಮ್ಮಿನ ಆಚೆ ತಂತಿಬೇಲಿ. ಬೇಲಿಯ ಆಚೆ ಊರಿನವರು ಹಾಲಿನ ಕ್ಯಾನು ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಕೋಟು, ಹ್ಯಾಟು ಹಾಕಿದವರು, ಮೇಷ್ಟ್ರಾಗಿದ್ದವರು, ಅಂಚೆ ಕಚೇರಿಯಲ್ಲಿ ಕುರ್ಚಿ ಹಾಕಿ ಕೂತಿದ್ದವರು. ನಾವು ಉಳಿದ ಕಾಫಿಯನ್ನು ಒಬ್ಬರ ಕ್ಯಾನಿಗೆ, ಮಾಂಸದ ಚೂರನ್ನು ಇನ್ನೊಬ್ಬರದಕ್ಕೆ ಬೇಲಿಯ ಮೇಲಿಂದ ಸುರಿಯುತ್ತಿದ್ದೆವು. ಕೆಲವರು ತಮಾಷೆಗೆ ಸಿಗರೇಟಿನ ತುಂಡನ್ನು ಅನ್ನದೊಳಗೆ ಚುಚ್ಚಿ ಸುರಿಯುವರು. ನಾನೂ ಒಮ್ಮೆ ಚುಚ್ಚಿದ್ದೇನೆ. ಇಸಿದುಕೊಂಡ ಮುದುಕ ಹ್ಯಾಟು ತೆಗೆದು ನನಗೆ ಥ್ಯಾಂಕ್ಸ್ ಹೇಳಿದ.

ಡೆಲ್ ಅಂಥದ್ದನ್ನು ಮಾಡಿದವನಲ್ಲ. ಆದರೆ ಅವನಿಗೊಂದು ಹುಚ್ಚಿತ್ತು. ಬೇಲಿಯ ಆಚೆಯಿಂದ ಯಾರು ಏನು ಕೇಳಿದರೂ ಕಿವುಡನ ಹಾಗೆ ನಿಲ್ಲುತ್ತಿದ್ದ. ನಮಗೆಲ್ಲ ಬ್ರೆಡ್ಡು, ಬಿಯರು, ಹುಡುಗಿ ಎನ್ನುವ ಮಟ್ಟಿಗಾದರೂ ಜರ್ಮನ್ ನಾಲಿಗೆಗೆ ಹತ್ತಿತ್ತು. ಡೆಲ್‌ಗೆ ಗುಡ್ ಮಾರ್ನಿಂಗ್ ಕೂಡ ಬಾರದು. ಹೆಸರು ನೋಡಿದರೆ ಹ್ಯೂಬ್ನರ್, ಅಪ್ಪಟ ಜರ್ಮನ್ ಹೆಸರು. ಅಡುಗೆಮನೆಯ ಸಾರ್ಜೆಂಟ್ ಟ್ಯಾಗರ್ಟ್ ಅವನನ್ನು ಆಗಾಗ ಕೆಣಕುತ್ತಿದ್ದ. "ಏನೋ ಡೆಲ್, ಬೇಲಿ ಆಚೆ ನಿಂತಿರೋರಲ್ಲಿ ನಿಮ್ಮ ಚಿಕ್ಕಪ್ಪ ಯಾರು, ದೊಡ್ಡಪ್ಪ ಯಾರು? ತೋರಿಸೋ, ಎರಡು ಸೌಟು ಜಾಸ್ತಿ ಹಾಕೋಣ." ಎಲ್ಲರೂ ನಗುವರು. ಡೆಲ್ ಬೆಂಕಿಗೆ ಇನ್ನೊಂದು ಕೊರಡು ತುರುಕುವನು.

ಸತ್ಯ ನನಗೆ ಗೊತ್ತಾದದ್ದು ಒಂದು ಭಾನುವಾರ. ಅವನು ಮಂಚದ ಮೇಲೆ ಕೂತು ಅಮ್ಮನ ಕಾಗದ ಓದುತ್ತಿದ್ದ. ಬೆಂಕಿಪೊಟ್ಟಣ ಕೇಳಲು ಹೋದವನು ಬಗ್ಗಿ ನೋಡಿದೆ. ಕಾಗದ ಜರ್ಮನ್ನಿನಲ್ಲಿತ್ತು. ಡೆಲ್ ನನ್ನ ತೋಳು ಹಿಡಿದ ಹಿಡಿತ ಇನ್ನೂ ನೆನಪಿದೆ. ಅವನ ಊರಿನ ಮುಕ್ಕಾಲು ಪಾಲು ಜನ ಮೂರು ತಲೆಮಾರಿನ ಹಿಂದೆ ಜರ್ಮನಿಯಿಂದ ಬಂದವರಂತೆ. ಚರ್ಚಿನಲ್ಲಿ, ಅಂಗಡಿಯಲ್ಲಿ, ದನದ ಕೊಟ್ಟಿಗೆಯಲ್ಲಿ ಅದೇ ಮಾತು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಪಕ್ಕದ ಪೇಟೆಯವರು ಬಂದು ದೇಶದ್ರೋಹಿ ಎಂದು ಅವನ ಅಜ್ಜನ ಮನೆಯ ಬಾಗಿಲಿಗೆ ಹಳದಿ ಬಣ್ಣ ಬಳಿದು, ಅಜ್ಜನನ್ನು ಅಂಗಳದಲ್ಲಿ ಮೊಣಕಾಲೂರಿಸಿ ಅಮೆರಿಕದ ಬಾವುಟಕ್ಕೆ ಮುತ್ತಿಡಿಸಿ ಹೋದರಂತೆ. ಅಂದಿನಿಂದ ಆ ಭಾಷೆ ಮನೆಯ ಹೊಸಲು ದಾಟಬಾರದು ಎಂದು ಕಟ್ಟಪ್ಪಣೆ. ಡೆಲ್ ಹುಟ್ಟಿದ್ದು ಅದಾಗಿ ಏಳು ವರ್ಷಕ್ಕೆ. ಆದರೂ ಸೈನ್ಯಕ್ಕೆ ಸೇರುವಾಗ, ಬರುವ ಭಾಷೆಗಳು ಎಂಬಲ್ಲಿ ಇಂಗ್ಲಿಷ್ ಒಂದನ್ನೇ ಬರೆದಿದ್ದ. ಯಾರಿಗೂ ಹೇಳಬೇಡ ಎಂದು ಗೋಗರೆದ. ನಾನು ಮಾತು ಕೊಟ್ಟೆ. ಇನ್ನೊಬ್ಬನ ಗುಟ್ಟು ಕೈಯಲ್ಲಿದ್ದರೆ ಒಂದು ಥರ ಖುಷಿಯೂ ಇರುತ್ತದೆ ನೋಡಿ.

ನನ್ನ ಹೊರತು ಇನ್ನೊಬ್ಬರಿಗೂ ಅದು ಗೊತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಲು ಇದ್ದ ಆಗ್ನೆಸ್ ವೀಗಾಂಟ್‌ಗೆ. ನಾವು ಫ್ರೌ ವೀಗಾಂಟ್ ಎನ್ನುತ್ತಿದ್ದೆವು, ಫ್ರೌ ಎಂದರೆ ಶ್ರೀಮತಿ. ನಲವತ್ತರ ಆಸುಪಾಸಿನ ಹೆಂಗಸು, ಗಂಡ ರಷ್ಯಾಕ್ಕೆ ಹೋದವನು ಬದುಕಿದ್ದಾನೋ ಇಲ್ಲವೋ ತಿಳಿಯದು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಒಂದು ದಿನ ಆಕೆ ಬಾಣಲೆ ಎತ್ತಿಕೊಂಡು ಹಿಂದೆ ಹಿಂದೆ ಬರುತ್ತ ಕುದಿಯುವ ಡ್ರಮ್ಮಿಗೆ ತಾಗುವುದರಲ್ಲಿದ್ದಳು. ಡೆಲ್ ತನಗೇ ಗೊತ್ತಿಲ್ಲದ ಹಾಗೆ ಜರ್ಮನ್ನಿನಲ್ಲಿ ಕೂಗಿಬಿಟ್ಟ, ಹಿಂದೆ ನೋಡ್ಕೊಳ್ಳಿ ಅಂತ. ಅದೂ ಹಳ್ಳಿಯ ಅಜ್ಜಂದಿರ ಹಳೇ ಜರ್ಮನ್. ಆಕೆ ತಿರುಗಿ, ಅವನ ಬಿಳಿಚಿದ ಮುಖ ನೋಡಿ, ಏನೂ ಕೇಳಿಸದವಳ ಹಾಗೆ ಬಾಣಲೆ ತಿಕ್ಕಲು ಕೂತಳಂತೆ. ಆಮೇಲೂ ಆಕೆ ಒಂದು ಸಲವೂ ಅವನನ್ನು ಮಾತಾಡಿಸಿ ಸಿಕ್ಕಿಸಲಿಲ್ಲ.

ಆ ಚಳಿಗಾಲ ಕೇಳಬೇಡಿ. ನದಿಯೇ ಕಲ್ಲಾಗಿತ್ತು. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ, ಗೇಟಿನ ತಪಾಸಣೆಯಲ್ಲಿ ಫ್ರೌ ವೀಗಾಂಟ್‌ಳ ಚೀಲದಲ್ಲಿ ನಮ್ಮ ಉಗ್ರಾಣದ ಎರಡು ಡಬ್ಬ ಕಾಫಿಪುಡಿ ಸಿಕ್ಕಿತು. ಅಮೆರಿಕನ್ ಸಾಮಾನು ಜರ್ಮನರ ಕೈಯಲ್ಲಿ ಸಿಕ್ಕರೆ ಜೈಲು, ಅದು ಆಗಿನ ಕಾನೂನು. ಆ ಡಬ್ಬ ಎಲ್ಲಿಂದ ಬಂತು ಎಂದು ಅಡುಗೆಮನೆಯ ಗೋಡೆಗೂ ಗೊತ್ತಿತ್ತು. ಸಾರ್ಜೆಂಟ್ ಟ್ಯಾಗರ್ಟ್ ತನ್ನ ಅಂಗಿಗಳನ್ನೆಲ್ಲ ಆಕೆಯ ಕೈಲಿ ಒಗೆಸಿ, ಇಸ್ತ್ರಿ ಮಾಡಿಸಿ, ಕೂಲಿಗೆ ಬದಲು ಕಾಫಿಪುಡಿ ಕೊಡುತ್ತಿದ್ದ. ಅಂಥ ಕೊಡುಕೊಳ್ಳುವಿಕೆ ಬಿಡಾರದಲ್ಲಿ ನಿತ್ಯದ್ದು, ಕಾಗದದ ಮೇಲೆ ಮಾತ್ರ ನಿಷಿದ್ಧ.

ಕ್ಯಾಪ್ಟನ್ ಪ್ರೆಂಟಿಸ್ ಮರುದಿನ ವಿಚಾರಣೆ ಇಟ್ಟ. ಕೆಟ್ಟವನಲ್ಲ, ಬೇಗ ಮುಗಿದರೆ ಸಾಕು ಎನ್ನುವ ಜಾತಿ. ಮೇಜಿನ ಹಿಂದೆ ಅವನು, ಪಕ್ಕದಲ್ಲಿ ಟೈಪ್ ಯಂತ್ರದ ಮುಂದೆ ನಾನು, ಗೋಡೆಗೊರಗಿ ಟ್ಯಾಗರ್ಟ್, ಬಾಗಿಲಲ್ಲಿ ಅಂದಿನ ಕಾವಲಿನ ಸರದಿಗೆ ಬಂದೂಕು ಹಿಡಿದ ಡೆಲ್. ಮಾತು ತಿರುಗಿಸಿ ಹೇಳಲು ಊರಿನವನೇ ಒಬ್ಬ ದುಭಾಷಿ, ಲಾಂಗ್‌ಹಾನ್ಸ್ ಎಂಬವನು, ಟ್ಯಾಗರ್ಟ್‌ನ ಸಿಗರೇಟು ಸೇದಿ, ಟ್ಯಾಗರ್ಟ್‌ನ ಸಕ್ಕರೆ ಮಾರಿ ಬದುಕುತ್ತಿದ್ದವನು. ಕ್ಯಾಪ್ಟನ್ ಕೇಳಿದ, ಇದು ನಿನಗೆ ಹೇಗೆ ಬಂತು? ಫ್ರೌ ವೀಗಾಂಟ್ ಮಾತಾಡಿದಳು. ಎರಡು ನಿಮಿಷವಾದರೂ ಆಗಿರಬೇಕು, ಕೈ ಮಾಡಿ ಅಂಗಿಯ ಕಾಲರು ತೋರಿಸಿದಳು, ಟ್ಯಾಗರ್ಟ್ ಕಡೆ ಬೆರಳು ಮಾಡಿದಳು. ಲಾಂಗ್‌ಹಾನ್ಸ್ ಕೇಳಿಸಿಕೊಂಡು ಗಂಟಲು ಸರಿಮಾಡಿಕೊಂಡ. "ತೊಗೊಂಡಿದ್ದು ನಿಜ, ಮನೇಲಿ ಕಷ್ಟ ಇತ್ತು, ಸಾರ್ಜೆಂಟ್ ಸಾಹೇಬರು ಕ್ಷಮಿಸಬೇಕು ಅಂತ ಹೇಳ್ತಿದ್ದಾಳೆ ಸಾರ್."

ಅಷ್ಟುದ್ದದ ಮಾತಿಗೆ ನನ್ನ ಯಂತ್ರಕ್ಕೆ ಬಂದದ್ದು ಒಂದೇ ಸಾಲು. ನಾನು ದಡ್ಡನಲ್ಲ. ತಲೆ ಎತ್ತಿ ಡೆಲ್‌ನನ್ನು ನೋಡಿದೆ. ಹೊರಗೆ ಹಿಮ ಸುರಿಯುತ್ತಿದ್ದರೂ ಅವನ ಹಣೆಯಲ್ಲಿ ಬೆವರು. ಫ್ರೌ ವೀಗಾಂಟ್ ಕೂಡ ಅವನನ್ನು ನೋಡಿದಳು. ಒಂದು ಸಲ ನೋಡಿದಳು, ಮತ್ತೆ ನೋಡಿದಳು, ಬಾಯಿ ತೆರೆದಳು. ಅಗೋ ಅವನಿಗೆ ನಮ್ಮ ಮಾತು ಬರುತ್ತೆ, ಅವನನ್ನು ಕೇಳಿ ಎಂದು ಕೈ ತೋರಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ತೋರಿಸಲಿಲ್ಲ. ಬಾಯಿ ಮುಚ್ಚಿ ನೆಲ ನೋಡಿದಳು. ಕ್ಯಾಪ್ಟನ್ ಆಯ್ತಾ ಎಂದು ನನ್ನನ್ನು ಕೇಳಿದ. ಆಯ್ತು ಸಾರ್ ಎಂದು ಹಾಳೆ ಎಳೆದು ಕೊಟ್ಟೆ. ಆ ಹಾಳೆಯನ್ನು ನಂಬಿ ಊರಿನ ಮಿಲಿಟರಿ ಕೋರ್ಟು ಅಂದೇ ಆಕೆಗೆ ಅರವತ್ತು ದಿನ ಜೈಲು ಹಾಕಿತು.

ಅಂದು ಸಂಜೆಯೇ ಡೆಲ್ ನನಗೆಲ್ಲ ಹೇಳಿದ, ಆಕೆ ಏನು ಹೇಳಿದಳು, ಲಾಂಗ್‌ಹಾನ್ಸ್ ಏನು ನುಂಗಿದ ಎಂದು. ಕ್ಯಾಪ್ಟನ್ ಹತ್ತಿರ ಹೋಗಲೇ ಎಂದು ಕೇಳಿದ. ಅವನು ಕೇಳಿದ್ದು ಹೋಗು ಎನ್ನಲಿ ಅಂತ, ಅದು ಅವನ ಮುಖದಲ್ಲೇ ಇತ್ತು. ನಾನು ಏನೆಂದೆ ಗೊತ್ತೆ? "ಸುಮ್ನಿರೋ ಮಾರಾಯ. ಟ್ಯಾಗರ್ಟ್ ನಿನ್ನ ಚರ್ಮ ಸುಲೀತಾನೆ. ಫಾರಮ್ಮಲ್ಲಿ ಸುಳ್ಳು ಬರೆದಿದ್ದು ಬೇರೆ ಹೊರಗೆ ಬರತ್ತೆ. ಎರಡು ತಿಂಗಳು ತಾನೆ, ಜೈಲಲ್ಲಿ ಊಟನಾದ್ರೂ ಸಿಗತ್ತೆ." ಈ ಮಾತು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಅವನ ಗುಟ್ಟು ಹೊರಬಿದ್ದರೆ, ಅದು ನನಗೆ ಮೊದಲೇ ಗೊತ್ತಿತ್ತು ಎಂಬುದೂ ಹೊರಬೀಳುತ್ತಿತ್ತು. ನಾನು ಉಳಿಸಿಕೊಂಡದ್ದು ನನ್ನ ಚರ್ಮವನ್ನು.

ಡೆಲ್ ಊಟ ಬಿಟ್ಟ. ತಟ್ಟೆಗೆ ಹಾಕಿಸಿಕೊಂಡದ್ದನ್ನು ಹಾಗೇ ತಂದು ಬೇಲಿಯ ಆಚೆಗೆ ಸುರಿಯುವನು, ಯಾರ ಮುಖವನ್ನೂ ನೋಡದೆ. ಬೇಲಿಯ ಆಚೆಯ ಹೆಂಗಸರು ಫ್ರೌ ವೀಗಾಂಟ್‌ಳ ಅತ್ತೆಯ ಸುದ್ದಿ ಆಡಿಕೊಳ್ಳುತ್ತಿದ್ದರು. ಅವನಿಗೆ ತಿಳಿಯದು ಎಂದು ಅವನೆದುರಿಗೇ. ಒಲೆ ಹಚ್ಚುವವರಿಲ್ಲದೆ ಮುದುಕಿಯ ಕಾಲಿನ ಎರಡು ಬೆರಳು ಮರಗಟ್ಟಿ ಕಪ್ಪಾಗಿ, ಆಸ್ಪತ್ರೆಯಲ್ಲಿ ಕತ್ತರಿಸಿದರಂತೆ. ಅದನ್ನು ಕೇಳಿದ ದಿನ ಡೆಲ್ ಉರಿಯುವ ಒಲೆಯನ್ನು ಹಾಗೇ ಬಿಟ್ಟು, ಮಸಿಯ ಕೈಯಲ್ಲೇ ಕಚೇರಿಗೆ ಬಂದು ಕ್ಯಾಪ್ಟನ್ ಮುಂದೆ ನಿಂತ. ಆಕೆ ಜೈಲಿಗೆ ಹೋಗಿ ಅಂದಿಗೆ ಹತ್ತೊಂಬತ್ತು ದಿನ.

ಎಲ್ಲ ಕೇಳಿದ ಮೇಲೆ ಕ್ಯಾಪ್ಟನ್, ಮೊದಲೇ ಯಾಕೆ ಹೇಳಲಿಲ್ಲ ಎಂದ. ಹೆದರಿದ್ದೆ ಸಾರ್ ಎಂದ ಡೆಲ್. ಇದು ಇನ್ನು ಯಾರಿಗಾದರೂ ಗೊತ್ತಿತ್ತಾ ಎಂದು ಕ್ಯಾಪ್ಟನ್ ಕೇಳಿದ. ಯಂತ್ರದ ಮೇಲೆ ನನ್ನ ಬೆರಳುಗಳು ನಿಂತವು. ಡೆಲ್ ನನ್ನ ಕಡೆ ತಿರುಗದೆ, ಇಲ್ಲ ಸಾರ್, ಯಾರಿಗೂ ಇಲ್ಲ ಎಂದ.

ಟ್ಯಾಗರ್ಟ್‌ನನ್ನು ಬೇರೆ ಊರಿಗೆ ಕಳಿಸಿದರು, ಅಷ್ಟೇ. ಲಾಂಗ್‌ಹಾನ್ಸ್‌ನನ್ನು ಕೆಲಸದಿಂದ ತೆಗೆದರು. ಫ್ರೌ ವೀಗಾಂಟ್‌ಳನ್ನು ಬಿಟ್ಟರು. ದುಭಾಷಿಯ ಜಾಗ ಖಾಲಿಯಾಯಿತಲ್ಲ, ಕ್ಯಾಪ್ಟನ್ ಅದನ್ನು ಡೆಲ್‌ಗೆ ಕೊಟ್ಟು, ತೋಳಿಗೆ ಇನ್ನೊಂದು ಪಟ್ಟಿಯನ್ನೂ ಕೊಟ್ಟ. ಬಡ್ತಿಯ ಆದೇಶ ಟೈಪ್ ಮಾಡಿದವನು ನಾನೇ. ಡೆಲ್ ಆ ಪಟ್ಟಿಯನ್ನು ವಾರವಾದರೂ ಹೊಲಿದುಕೊಳ್ಳಲಿಲ್ಲ. ಬೈಸಿಕೊಂಡ ಮೇಲೆ ಹೊಲಿದುಕೊಂಡ.

ಅವನು ಮೊದಲು ತಿರುಗಿಸಿ ಹೇಳಬೇಕಾಗಿ ಬಂದದ್ದು ಆಕೆಯ ಮಾತನ್ನೇ. ಫ್ರೌ ವೀಗಾಂಟ್ ತನ್ನ ಕೆಲಸ ವಾಪಸು ಕೇಳಲು ಬಂದಳು, ಒಗೆದ ಸ್ಕಾರ್ಫು ಕಟ್ಟಿಕೊಂಡು, ಮೊದಲಿಗಿಂತ ಸಣ್ಣಗಾಗಿ. ಜೈಲಿಗೆ ಹೋಗಿ ಬಂದವರನ್ನು ಅಡುಗೆಮನೆಗೆ ಇಟ್ಟುಕೊಳ್ಳುವ ಹಾಗಿಲ್ಲ, ತೀರ್ಪು ರದ್ದಾದ ಕಾಗದ ಮೇಲಿನಿಂದ ಬರಬೇಕು, ಅದಕ್ಕೆ ತಿಂಗಳುಗಳು ಹಿಡಿಯಬಹುದು ಎಂದ ಕ್ಯಾಪ್ಟನ್. ಇದನ್ನು ಡೆಲ್ ಆಕೆಯ ಭಾಷೆಯಲ್ಲಿ ಆಕೆಗೆ ಹೇಳಬೇಕಾಯಿತು. ಹೇಳಿದ. ಹೇಳಿ ಮುಗಿಸಿ, ಕ್ಯಾಪ್ಟನ್ ಹೇಳದೆ ಇದ್ದದ್ದನ್ನೂ ಏನೋ ನಾಲ್ಕು ಮಾತು ಹೇಳಿದ, ಕ್ಷಮೆ ಕೇಳುವವನ ಹಾಗೆ. ಆಕೆ ನಿಧಾನವಾಗಿ ಉತ್ತರ ಕೊಟ್ಟಳು. ಈ ಸಲವೂ ಎರಡು ನಿಮಿಷ.

ಏನಂತೆ ಎಂದ ಕ್ಯಾಪ್ಟನ್. ಡೆಲ್ ನೆಟ್ಟಗೆ ನಿಂತು, ಗೋಡೆ ನೋಡುತ್ತ, ಒಂದು ಮಾತೂ ಬಿಡದೆ ಹೇಳಿದ.

"ನನಗೇ ಹೇಳ್ತಿದ್ದಾರೆ ಸಾರ್, ನಿಮ್ಮನ್ನ ಬೈಯೋ ಬಾಯಿ ನನಗಿಲ್ಲ ಅಂತ. ಇವರ ಎದುರುಮನೇಲಿ ಲೇವೆಂಟಾಲ್ ಅಂತ ಯೆಹೂದಿ ಗಂಡ ಹೆಂಡತಿ ಇದ್ದರಂತೆ. ನಾಜಿಗಳು ಅವರನ್ನ ಲಾರಿ ಹತ್ತಿಸಿದ ದಿನ ಇವರು ಕಿಟಕಿ ಪರದೆ ಹಿಂದೆ ನಿಂತಿದ್ದರಂತೆ. ಆ ಹೆಂಗಸು ಒಂದು ಸಲ ಇವರ ಕಿಟಕಿ ಕಡೆ ನೋಡಿದ್ರಂತೆ. ಆವತ್ತು ಈ ಕೋಣೇಲಿ ನನ್ನ ಮುಖ ನೋಡಿದಾಗ, ಅದು ತಮ್ಮದೇ ಮುಖ ಅಂತ ಗೊತ್ತಾಯ್ತಂತೆ. ಅದಕ್ಕೇ ಬೆರಳು ತೋರಿಸೋಕೆ ಆಗಲಿಲ್ಲ ಅಂತಿದ್ದಾರೆ. ನೀವು ಹತ್ತೊಂಬತ್ತು ದಿನಕ್ಕಾದ್ರೂ ಬಂದಿರಿ, ನಾನು ಇವತ್ತೇ ಮೊದಲು ಹೇಳ್ತಿರೋದು ಅಂತಿದ್ದಾರೆ ಸಾರ್."

ನನ್ನ ಬೆರಳು ಅಭ್ಯಾಸಬಲದಿಂದ ಟೈಪ್ ಮಾಡುತ್ತಲೇ ಇತ್ತು. ಕ್ಯಾಪ್ಟನ್ ಪೆನ್ಸಿಲ್ಲು ಕೆಳಗಿಟ್ಟು, ಇದೆಲ್ಲ ಬರೆಯೋದು ಬೇಡ ಓಕ್ಸ್ ಎಂದ. ನಿಲ್ಲಿಸಿದೆ.

ಗೊತ್ತಿದ್ದೂ ಸುಮ್ಮನಿದ್ದವರು ಆ ಕೋಣೆಯಲ್ಲಿ ಇಬ್ಬರಲ್ಲ, ಮೂವರು ಇದ್ದೆವು. ಅವರಿಬ್ಬರೂ ಎಲ್ಲರೆದುರು ತಮ್ಮದನ್ನು ಹೇಳಿಬಿಟ್ಟಿದ್ದರು. ಮೂರನೆಯವನಿಗೆ ಆಗಲೂ ಹೊತ್ತು ಮೀರಿರಲಿಲ್ಲ, ಕುರ್ಚಿಯಿಂದ ಎದ್ದು ನಿಂತರೆ ಸಾಕಿತ್ತು. ಡೆಲ್ ಅಂದೂ ನನ್ನ ಕಡೆ ನೋಡಲಿಲ್ಲ. ಫ್ರೌ ವೀಗಾಂಟ್ ಕ್ಯಾಪ್ಟನ್‌ಗೆ ತಲೆಬಾಗಿದಳು, ಡೆಲ್‌ಗೆ ಕೈ ಕೊಟ್ಟಳು. ಹೋಗುವಾಗ ಬಾಗಿಲ ಹತ್ತಿರ ನಿಂತು, ಇದರಲ್ಲಿ ಏನೂ ಸಂಬಂಧವಿಲ್ಲದ ಒಳ್ಳೆ ಹುಡುಗ ಎನ್ನುವ ಹಾಗೆ, ನನಗೂ ನಮಸ್ಕಾರ ಹೇಳಿದಳು. ನಾನೂ ನಗುಮುಖ ಮಾಡಿ ನಮಸ್ಕಾರ ಹೇಳಿದೆ.